ಡೋನಟ್ ಅಂಗಡಿಯಲ್ಲಿ ಅಪ್ಪ

ಕೋಲ್ಮಾದ ಸ್ಮಶಾನದ ಗೇಟು ದಾಟುತ್ತಲೇ ವ್ಯಾನಿನ ಮುಂದಿನ ಸೀಟಿನಿಂದ ತೀತಾ ಪ್ಯೂರಿಂಗ್ ಅಪ್ಪಣೆ ಕೊಟ್ಟರು.

"ರೋಮಿ, ಸೀದಾ ಮನೆಗೆ ಬಿಡ್ಬೇಡ. ಎಲ್ಲಾದ್ರೂ ನಿಲ್ಸು. ಎಲ್ರೂ ಇಳಿದು ಏನಾದ್ರೂ ಬಾಯಿಗೆ ಹಾಕ್ಕೊಂಡು ಆಮೇಲೆ ಮನೆ."

"ಗೊತ್ತಮ್ಮಾ. ಎಷ್ಟು ಸಾವಿಗೆ ಕರ್ಕೊಂಡ್ ಬಂದಿಲ್ಲ ನಿನ್ನ! ಡೋನಟ್ ಅಂಗಡಿಯೋನಿಗೆ ನಮ್ ಕಪ್ಪು ಬಟ್ಟೆ ಕಂಡ್ರೆ ಸಾಕು, ಕೇಳೋಕ್ ಮುಂಚೆ ಪೊಟ್ಟಣ ಕಟ್ತಾನೆ" ಎಂದ ರೋಮಿ. ನಲವತ್ತು ದಾಟಿದವನು, ನಗರದ ಬಸ್ಸು ಓಡಿಸುವವನು. ಅವ್ವನ ಮುಂದೆ ಮಾತ್ರ ಇನ್ನೂ ಹುಡುಗ.

ಹಿಂದಿನ ಸೀಟಿನಲ್ಲಿ ಗ್ಲೆಂಡಾ ಒಬ್ಬಳೇ ಕೂತಿದ್ದಳು. ಸತ್ತವರನ್ನು ಮಣ್ಣಿಗಿಟ್ಟು ನೇರ ಮನೆಗೆ ಹೋದರೆ ಅವರೂ ಬೆನ್ನಿಗೆ ಬರುತ್ತಾರೆ, ನಡುವೆ ಎಲ್ಲಾದರೂ ಇಳಿದು ಕೊಡವಿಕೊಂಡು ಹೋಗಬೇಕು ಎಂಬುದನ್ನು ಅವಳು ಎಂದೂ ಪ್ರಶ್ನಿಸಿದವಳಲ್ಲ. ಊರಲ್ಲಿ, ಕಡಲಾಚೆಯ ಬಕಾರಾದಲ್ಲಿ, ಅಜ್ಜಿ ತೀರಿಕೊಂಡಾಗ ಸೇತುವೆಯ ಪಕ್ಕದ ಅಂಗಡಿಯಲ್ಲಿ ಎಲ್ಲರ ಜೊತೆ ನಿಂತು ತಾನೂ ತಿಂದಿದ್ದಳು. ಆದರೆ ಇವತ್ತು ಕೊಡವಿ ಬರಬೇಕಾಗಿದ್ದುದು ಅಪ್ಪನನ್ನು.

ಅಪ್ಪನನ್ನು ಅವಳು ಅಮಾಂಗ್ ಎಂದು ಕರೆಯುತ್ತಿದ್ದಳು. ಅಮೆರಿಕಕ್ಕೆ ಬಂದ ಮೇಲೆ ಅಪ್ಪ, ಮಗಳು ಇಬ್ಬರೂ ಡೇಲಿ ಸಿಟಿಯಲ್ಲಿ ಅಪ್ಪನ ತಂಗಿ, ಅವಳು ತೀತಾ ಎಂದು ಕರೆಯುವ ಈ ಅತ್ತೆಯ ಮನೆಯಲ್ಲೇ ಇದ್ದರು. ಹೋದ ಚಳಿಗಾಲ ಕಳೆಯುತ್ತಲೇ ಗ್ಲೆಂಡಾ ತಾನು ಕೆಲಸ ಮಾಡುವ ಆಸ್ಪತ್ರೆಯ ಅಡುಗೆಮನೆಗೆ ಹತ್ತಿರವಾಗಲಿ ಎಂದು ಕೊಲ್ಲಿಯಾಚೆಯ ವಲೇಹೋದಲ್ಲಿ ಒಂದು ಕೋಣೆಯ ಮನೆ ಹಿಡಿದಳು. ಬದುಕಿನಲ್ಲಿ ಮೊದಲ ಸಲ ತನ್ನದೇ ಬೀಗದ ಕೈ. ಅಪ್ಪ ಉರಿದುಬಿದ್ದಿದ್ದರು. "ಮದುವೆ ಆಗದಿರೋ ಹುಡುಗಿ ಒಬ್ಳೇ ಮನೆ ಮಾಡೋದಾ? ನಾವೆಲ್ಲ ಸತ್ತೋದ್ವಾ? ಆ ಮನೆ ಹೊಸ್ತಿಲು ನಾನು ತುಳಿಯಲ್ಲ."

ಅವಳು ಪ್ರತಿ ಭಾನುವಾರ ಬಂದು ಹೋಗುತ್ತಿದ್ದಳು. ಅವರು ಟಿವಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದರು. ಆದರೂ ಊಟಕ್ಕೆ ಕೂತರೆ ಮೀನಿನ ರುಚಿಯಾದ ತಲೆಯ ಭಾಗವನ್ನು ಮಾತಿಲ್ಲದೆ ಅವಳ ತಟ್ಟೆಗೆ ತಳ್ಳುತ್ತಿದ್ದರು. ಕಳೆದ ವಾರ ತಾವಾಗಿಯೇ ಫೋನು ಮಾಡಿದರು.

"ಅಲ್ಲಿ ಎಂಥಾ ಅಕ್ಕಿ ಸಿಗುತ್ತೆ?"

"ನಾವು ತಿನ್ನೋದೇ, ಅಮಾಂಗ್."

"ಹೂಂ." ಆ ಕಡೆ ಟಿವಿಯ ಸದ್ದು ನಿಂತಿತು. "ಸರಿ. ಭಾನುವಾರ ಬರ್ತೀನಿ."

ಶುಕ್ರವಾರ ಬೆಳಿಗ್ಗೆ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದರು.

ರೋಮಿ ವ್ಯಾನನ್ನು ಡೋನಟ್ ಅಂಗಡಿಯ ಮುಂದೆ ನಿಲ್ಲಿಸಿದ. ಗಾಜಿನ ಹಿಂದೆ ಸಕ್ಕರೆ ಹೊದ್ದ ಡೋನಟ್‌ಗಳ ಸಾಲು ನೋಡಿ ಅವನ ನಾಲಿಗೆ ಸುಮ್ಮನಿರಲಿಲ್ಲ. "ಸಕ್ಕರೆ ಕಾಯಿಲೆ ಅಂತ ಮಾವನಿಗೆ ಬದುಕಿರೋವಾಗ ಒಂದು ಚೂರೂ ಕೊಡ್ಲಿಲ್ಲ ನೀವು. ಈಗ ಹೇಳೋರಿಲ್ಲ, ಕೇಳೋರಿಲ್ಲ. ನೋಡ್ತಿರಿ, ನಮಗಿಂತ ಮೊದ್ಲು ಇಳಿದು ಇಲ್ಲೇ ಠಿಕಾಣಿ ಹೂಡ್ತಾರೆ."

"ಬಾಯ್ಮುಚ್ಚು, ದರಿದ್ರದೋನೆ!" ತೀತಾ ಕೈಯಲ್ಲಿದ್ದ ಬೀಸಣಿಗೆಯಿಂದ ಅವನ ತೋಳಿಗೆ ಬಡಿದರು. ಬಡಿಯುತ್ತಾ ತಾವೂ ನಕ್ಕುಬಿಟ್ಟರು, ನಗುತ್ತಾ ಕಣ್ಣೊರೆಸಿಕೊಂಡರು.

ಗ್ಲೆಂಡಾಳಿಗೂ ನಗು ಬಂತು. ಆದರೆ ಬಂದ ನಗು ಅರ್ಧಕ್ಕೇ ನಿಂತಿತು. ಅವಳು ಗಾಜಿನ ಒಳಗೆ ನೋಡಿದಳು. ಬಿಳಿಚಿದ ದೀಪ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೂತ ಜನ. ಅಪ್ಪ ಅಮೆರಿಕಕ್ಕೆ ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ತಪ್ಪು ಬಾಗಿಲಿನಿಂದ ಹೊರಬಿದ್ದು, ಪೆಟ್ಟಿಗೆಯ ಮೇಲೆ ಕೂತಲ್ಲೇ ಕೂತಿದ್ದರು. ಕೊನೆಗೆ ಸಿಕ್ಕಾಗ, "ಯಾರನ್ನಾದ್ರೂ ಕೇಳೋಣ ಅಂದ್ರೆ ಬಾಯಲ್ಲಿ ಮಾತೇ ಇಲ್ವಲ್ಲ ಮಗಾ" ಎಂದಿದ್ದರು.

ತೀತಾ ಇಳಿದು ಹಿಂದಿನ ಬಾಗಿಲು ಸರಿಸಿದರು. "ಬಾ, ಇಳಿ."

"ನಾನು ಇಳಿಯಲ್ಲ ತೀತಾ."

"ಕಾಫಿನಾದ್ರೂ ಕುಡಿ. ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ."

"ಹಸಿವಿನ ಮಾತಲ್ಲ. ನಾನು ಇಲ್ಲಿ ಕಾಲಿಡಲ್ಲ. ಸೀದಾ ನಮ್ಮನೆಗೆ ಹೋಗ್ತೀನಿ."

ತೀತಾಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಮುಖ ಕಪ್ಪಿಟ್ಟಿತು. "ತಲೆ ಕೆಟ್ಟಿದೆಯಾ ನಿಂಗೆ? ಒಂಟಿ ಹೆಂಗಸು, ಸತ್ತವರನ್ನ ಕಟ್ಕೊಂಡು ಮನೆಗೆ ಹೋಗ್ತೀಯಾ? ನಮ್ಮ ಯಜಮಾನ್ರು ಹೋದಾಗ ಮಳೆ ಅಂತ ನೇರ ಮನೆಗೆ ಬಂದ್ವಿ. ಆ ವರ್ಷ ಪೂರ್ತಿ ನಾನು ಹಾಸಿಗೆ ಬಿಟ್ಟು ಏಳ್ಲಿಲ್ಲ. ಮರೆತ್ಯಾ? ಹಟ ಮಾಡ್ಬೇಡ, ಇಳಿ. ಎಲ್ಲಿಂದ ಬಂತು ಈ ಹಟ, ಥೇಟ್ ನಿಮ್ಮಪ್ಪಂದೇ!"

ಗ್ಲೆಂಡಾ ದೊಡ್ಡವರ ಮಾತಿಗೆ ಎದುರಾಡಿದವಳಲ್ಲ. ಮನೆ ಬಿಟ್ಟು ಹೊರಡುವ ದಿನವೂ ತಲೆ ತಗ್ಗಿಸಿಯೇ ಪೆಟ್ಟಿಗೆ ಎತ್ತಿಕೊಂಡಿದ್ದಳು. ಈಗಲೂ ಅವಳ ದನಿ ಏರಲಿಲ್ಲ.

"ಊರಲ್ಲಾದ್ರೆ ಸೇತುವೆ ಹತ್ರ ಬಿಟ್ಟು ಬರ್ತಿದ್ವಿ ತೀತಾ. ಅಲ್ಲಿ ಬಿಟ್ರೂ ಅವರಿಗೆ ದಾರಿ ಗೊತ್ತು. ಎಲ್ಲ ನಮ್ಮೋರೇ. ಅಮಾಂಗ್‌ಗೆ ಇಂಗ್ಲಿಷ್ ಬರಲ್ಲ. ಇಲ್ಲಿ ಬಿಟ್ಟು ಹೋದ್ರೆ ಯಾರ ಹತ್ರ ಏನಂತ ಕೇಳ್ತಾರೆ?"

ತೀತಾ ಬಾಗಿಲ ಹಿಡಿ ಹಿಡಿದು ನಿಂತೇ ಇದ್ದರು. ಒಳಗಿನಿಂದ ಯಾರೋ ಪೊಟ್ಟಣ ಹಿಡಿದು ಹೊರಬಂದು, ಇವರನ್ನು ಬಳಸಿ ಹೋದರು.

"ಬರ್ತೀನಿ ಅಂದಿದ್ರು" ಎಂದಳು ಗ್ಲೆಂಡಾ. "ಬರದೇ ಹೋದ್ರೆ ಕೋಪದಲ್ಲೇ ಹೋದ್ರು ಅಂತ ನಾನು ಇರೋವರೆಗೂ ಅಂದ್ಕೋತೀನಿ."

ತೀತಾ ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಮಗನ ಕಡೆ. "ನಾನು ಇಲ್ಲಿ ಇಳ್ಕೋತೀನಿ. ಮನೆಗೆ ಬಸ್ಸಲ್ಲಿ ಹೋಗ್ತೀನಿ. ನೀನು ಇವಳನ್ನ ವಲೇಹೋಗೆ ಬಿಟ್ಟು ಬಾ."

"ಹಂಗಾದ್ರೆ ನಾನು ಕೊಡವಿಕೊಳ್ಳೋದು ಎಲ್ಲಿ?"

"ಇವಳ ಮನೇಲಿ. ಒಂದು ಲೋಟ ನೀರು ಕುಡಿದು ಬಾ, ಸಾಕು. ನಿಂಗೆ ಅದೇ ಡೋನಟ್ ಅಂಗಡಿ."

ಆಮೇಲೆ ತೀತಾ ವ್ಯಾನಿನೊಳಕ್ಕೆ ಬಗ್ಗಿದರು. "ಕೇಳಿಲ್ಲಿ. ಸುಮ್ಮನೆ ಕೂತು ಹೋದ್ರೆ ಅವರು ಎಲ್ಲಾದ್ರೂ ಹಿಂದೆ ಬೀಳ್ತಾರೆ. ಮಕ್ಕಳನ್ನ ಹೊಳೆಗೆ ಆಡಕ್ಕೆ ಕರ್ಕೊಂಡು ಹೋಗಿ ವಾಪಸ್ ಬರೋವಾಗ ತಾಯಂದ್ರು ಹೆಸರು ಹಿಡಿದು ಕರೀತಾರಲ್ಲ, ಜೀವ ಅಲ್ಲೇ ಉಳ್ಕೋಬಾರದು ಅಂತ? ಹಂಗೆ ಕರೀತಾ ಹೋಗ್ಬೇಕು. ತಿರುವಲ್ಲಿ, ಸೇತುವೇಲಿ, ಮೆಟ್ಟಿಲಲ್ಲಿ. ನಾಚ್ಕೋಬೇಡ."

ಗ್ಲೆಂಡಾ ತಲೆಯಾಡಿಸಿದಳು. ಆದರೂ ತೀತಾ ಹೋಗಲಿಲ್ಲ. ಗ್ಲೆಂಡಾಳ ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟು, ಚಿಕ್ಕಂದಿನಿಂದ ತಮ್ಮ ಅಣ್ಣನನ್ನು ಕರೆಯುತ್ತಿದ್ದಂತೆಯೇ ಕರೆದರು.

"ಮನೋಂಗ್, ಬಾ. ಬಂದ್ಬಿಡು, ಇಲ್ಲಿ ಉಳೀಬೇಡ. ಮಗಳ ಜೊತೆ ಹೋಗು. ಒಂದೇ ಕೋಣೆ ಅಂತ ಮುಖ ಸಿಂಡರಿಸ್ಬೇಡ." ಸೀಟನ್ನು ಒಮ್ಮೆ ತಟ್ಟಿದರು. "ನಮ್ಮನೆ ಕಡೆ ಮಾತ್ರ ಸದ್ಯಕ್ಕೆ ಬರ್ಬೇಡ, ಹೇಳಿದೀನಿ."

ಮತ್ತೆ ತಿರುಗಿ ನೋಡದೆ, ಲಂಗ ಕೊಡವುತ್ತಾ ಅಂಗಡಿಯೊಳಗೆ ಹೋದರು.

ಹೆದ್ದಾರಿಗೆ ಸೇರುವ ತಿರುವಿನಲ್ಲಿ ಗ್ಲೆಂಡಾ ಮೊದಲ ಸಲ, ತುಟಿಯಲ್ಲೇ, "ಬನ್ನಿ ಅಮಾಂಗ್" ಎಂದಳು. ರೋಮಿ ರೇಡಿಯೋ ಬಂದ್ ಮಾಡಿದ. ಸೇತುವೆಯ ಮೇಲೆ ಅವಳ ದನಿ ಸ್ವಲ್ಪ ಹೊರಗೆ ಬಂತು. ಅಪ್ಪ ಈ ನೀರನ್ನು ಎಂದೂ ದಾಟಿರಲಿಲ್ಲ. "ಇದು ದಾಟಿದ್ರೆ ಬಂದೇಬಿಟ್ವಿ ಅಮಾಂಗ್, ಜೊತೇಲೇ ಇರಿ" ಎಂದಳು. ರೋಮಿ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ, ಈ ಸಲ ತಮಾಷೆಯಿಲ್ಲದೆ, "ಕಿಟಕಿ ತೆರೀಲಾ ಮಾವಾ?" ಎಂದು ಕೇಳಿ ತೆರೆದ.

ಕಟ್ಟಡದ ಮುಂದೆ ಅವನು ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಗ್ಲೆಂಡಾ ಮೆಟ್ಟಿಲು ಹತ್ತತೊಡಗಿದಳು. ಹತ್ತಿ, ನಿಂತು, ಕರೆದು, ಮತ್ತೆ ಹತ್ತಿ. ಮೇಲಿನ ಅಂತಸ್ತಿನ ಬಾಗಿಲು ತನ್ನಷ್ಟಕ್ಕೇ ಮುಚ್ಚಿಕೊಳ್ಳುವಂಥದ್ದು. ಅವಳು ಅದನ್ನು ಬೆನ್ನಿಂದ ತಡೆಹಿಡಿದು ನಿಂತಾಗ, ಎದುರು ಮನೆಯ ಮುದುಕಿ ಮಿಸೆಸ್ ಹ್ಯಾಟಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದಳು. ಇಷ್ಟು ತಿಂಗಳಲ್ಲಿ ಇಬ್ಬರ ನಡುವೆ ನಗುವಿಗಿಂತ ಹೆಚ್ಚಿನ ಮಾತಾಗಿರಲಿಲ್ಲ.

"ಯಾರಿಗೋ ಕಾಯ್ತಿದ್ದೀಯಾ ಕಂದಾ?"

ಗ್ಲೆಂಡಾ ಇಂಗ್ಲಿಷಿನಲ್ಲಿ ಪದ ಹುಡುಕಿದಳು. ಸುಳ್ಳು ಹೇಳಬೇಕಾಗಿರಲಿಲ್ಲ. "ನಮ್ಮಪ್ಪ. ಮೊದಲ ಸಲ ಬರ್ತಿದ್ದಾರೆ. ನಡೆಯೋದು ನಿಧಾನ."

ಮಿಸೆಸ್ ಹ್ಯಾಟಿ ಕೆಳಗೆ ಬಗ್ಗಿ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಗ್ಲೆಂಡಾಳ ಕಪ್ಪು ಉಡುಪನ್ನು, ಷೂಗಳಿಗೆ ಮೆತ್ತಿದ್ದ ಹಸಿ ಮಣ್ಣನ್ನು ನೋಡಿದಳು. ಬುಟ್ಟಿಯನ್ನು ನೆಲಕ್ಕಿಟ್ಟು, ಬಾಗಿಲನ್ನು ತನ್ನ ಕೈಗೆ ತೆಗೆದುಕೊಂಡಳು.

"ನೀನು ಹೋಗಿ ನಿನ್ನ ಮನೆ ಬಾಗಿಲು ತೆಗಿ. ಇದನ್ನ ನಾನು ಹಿಡ್ಕೋತೀನಿ. ಮೆಟ್ಟಿಲು ಬಲು ಕಡಿದು, ಅವರನ್ನ ಆತುರ ಮಾಡಿಸ್ಬೇಡ."

ಗ್ಲೆಂಡಾ ಹೋಗಿ ಬೀಗ ತೆಗೆದಳು. ತಾನು ಒಳಗೆ ಕಾಲಿಡದೆ, ಹೊಸ್ತಿಲ ಪಕ್ಕಕ್ಕೆ ಸರಿದು ನಿಂತಳು.