ಮುಚ್ಚಳದ ನಡುವೆ ನಿಂತ ಬಣ್ಣ

ಬಣ್ಣದ ವಿಷಯದಲ್ಲಿ ನನಗೆ ಬುದ್ಧಿ ಹೇಳೋಕೆ ಬಂದೋರನ್ನ ನಾನು ಶೆಡ್ಡಿನ ಒಳಗೇ ಬಿಟ್ಕೊಳ್ತಿರಲಿಲ್ಲ. ಕೆ.ಆರ್. ಪುರದ ಮುನಿರಾಜಪ್ಪನ ಶೆಡ್ಡು ಅಂದ್ರೆ ಹಳೇ ಮದ್ರಾಸ್ ರೋಡಿನ ಡ್ರೈವರುಗಳಿಗೆಲ್ಲ ಗೊತ್ತು. ಟಿಂಕರಿಂಗ್ ನಂದೇ, ಪೇಂಟಿಂಗ್ ನಂದೇ, ಬೈಗುಳಾನೂ ನಂದೇ. ಅಂಥ ನಾನು ಒಬ್ಬ ಹೆಂಗಸಿನ ಮುಂದೆ ಬಾಯಿ ಮುಚ್ಕೊಂಡು, ಅವಳು ತೋರಿಸಿದ ಕಡೆ, ತೋರಿಸಿದಷ್ಟೇ ಬಣ್ಣ ಹೊಡೆದೆ. ಹೇಳ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ಹೇಳದೇ ಇದ್ರೇನೇ ನಾಚಿಕೆ.

ನಮ್ಮ ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್ ಇನ್ನೂ ಕಟ್ತಾ ಇದ್ದ ಕಾಲ. ಆಯುಧಪೂಜೆ ಮಾರನೇ ದಿನ, ಒಡೆದ ಬೂದುಗುಂಬಳಕಾಯಿ ಇನ್ನೂ ರಸ್ತೇಲೇ ಬಿದ್ದಿತ್ತು. ಹುಲಿಗೆಪ್ಪ ತನ್ನ ಕ್ಯಾಂಟರ್ ಲಾರಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಕೊಪ್ಪಳದ ಕಡೆಯೋನು. ಮಹದೇವಪುರದಲ್ಲಿ ಬಾಡಿಗೆ ರೂಮು ಮಾಡ್ಕೊಂಡು ಹೆಂಡತಿ ಹುಸೇನಮ್ಮನ ಜೊತೆ ಇದ್ದ. ಗಾಡಿ ಅವನದಲ್ಲ, ಗುಲ್ಬರ್ಗಾದ ಸಾವ್ಕಾರ ಭಗವಂತರಾಯರದು. ಗಾಡಿಗೆ ಬಾಳೆಕಂಬ, ಚೆಂಡುಹೂವಿನ ಹಾರ, ಎಲ್ಲಾ ಭರ್ಜರಿಯಾಗಿತ್ತು. ಇಳಿದು ಬಂದ ಗಂಡ ಹೆಂಡತಿ ಮುಖ ಮಾತ್ರ ಸಾವಿನ ಮನೆಯಿಂದ ಎದ್ದು ಬಂದಂಗಿತ್ತು.

"ಏನಯ್ಯಾ, ಯಾರಿಗಾದ್ರೂ ಗುದ್ದಿದ್ಯಾ?" ಅಂದೆ.

"ಗುದ್ದಿದ್ರ ಛಲೋ ಇತ್ರಿ ಅಣ್ಣಾರ. ಒಳಗ ಹತ್ತಿ ನೋಡ್ರಿ."

ಹತ್ತಿ ನೋಡಿದೆ. ಡ್ಯಾಶ್‌ಬೋರ್ಡಿನ ಮಧ್ಯದಲ್ಲಿ ದೇವರ ಫೋಟೋ. ಅದರ ಎಡಕ್ಕೆ, ಕ್ಲೀನರ್ ಸೀಟಿನ ಮುಂದೆ, ಕಾಗದ ಪತ್ರ ಇಡೋ ಡಬ್ಬ. ಅದರ ಪ್ಲಾಸ್ಟಿಕ್ ಮುಚ್ಚಳ ಮೇಲ್ಗಡೆಯಿಂದ ತೆಗೆಯೋದು, ಹಲಗೆ ಥರ ಅಗಲವಾಗಿದೆ. ಆ ಮುಚ್ಚಳದ ದೇವರ ಕಡೆಯ ಭಾಗ ಕರಗಿ, ಕಪ್ಪಾಗಿ, ಗುಳಿ ಬಿದ್ದಿತ್ತು.

ಹುಸೇನಮ್ಮ ಸೆರಗು ಬಾಯಿಗೆ ಒತ್ಕೊಂಡು ಹೇಳಿದ್ಲು. ಪೂಜೆ ದಿನ ಗಂಡ ಟೈರಿಗೆ ನಿಂಬೆಹಣ್ಣು ಇಡ್ತಾ ಕೆಳಗಿದ್ದ. ಇವಳು ಒಳಗೆ ಫೋಟೋಗೆ ಆರತಿ ಎತ್ತಿ, ಉರಿಯೋ ಕರ್ಪೂರದ ತಟ್ಟೆ ಮುಚ್ಚಳದ ಮೇಲಿಟ್ಟು, ಪ್ರಸಾದ ತರೋಕೆ ಅಂತ ಇಳಿದ್ಲು. ವಾಪಸ್ ಹತ್ತೋ ಹೊತ್ತಿಗೆ ವಾಸನೆ ಬಂದಿತ್ತು.

"ಊದಿನಕಡ್ಡಿ ಬಿಟ್ರ ಗಾಡಿ ಒಳಗ ಬ್ಯಾರೆ ಬೆಂಕಿ ಕೂಡಂಗಿಲ್ಲ ಅಂತ ಸಾವ್ಕಾರ್ರು ಮೊದಲ ದಿನಾನ ಹೇಳ್ಯಾರ್ರಿ," ಅಂದ ಹುಲಿಗೆಪ್ಪ. "ನನಗಿಂತ ಮೊದಲಿದ್ದ ಡ್ರೈವರ್ ಒಂದು ಬೀಡಿ ಹಚ್ಚಿದ್ದಕ್ಕ ಅವತ್ತ ಚಾವಿ ಕಸ್ಕೊಂಡು ಕಳಿಸ್ಯಾರ. ದೀಪಾವಳಿ ಮುಗಿಸಿ ಬರ್ತಾರ. ನನ್ನ ಸ್ಟೇರಿಂಗ್ ಹೋತ್ರಿ."

"ಥೂ, ಇಷ್ಟಕ್ಕೆ ಅಳ್ತಾ ಬಂದ್ರಾ? ಗುಜರಿಯಿಂದ ಬೇರೆ ಮುಚ್ಚಳ ತಂದು ಹಾಕ್ತೀನಿ. ಇಲ್ದಿದ್ರೆ ಇದರ ಗುಳಿಗೇ ಪಟ್ಟಿ ಪೇಸ್ಟ್ ತುಂಬಿಸಿ ಪೂರ್ತಿ ಬಣ್ಣ ಹೊಡೆದು ಕೊಡ್ತೀನಿ. ಎದ್ದು ಹೋಗಿ, ಕಾಫಿ ಕುಡೀರಿ."

ಹುಲಿಗೆಪ್ಪ ಅಲ್ಲಾಡಲಿಲ್ಲ. ಮುಚ್ಚಳದ ಇನ್ನೊಂದು ತುದಿ ತೋರಿಸಿದ. ಕ್ಲೀನರ್ ಬಾಗಿಲ ಕಡೆ, ಏನೋ ಗೀಚಿತ್ತು. ನಾಲ್ಕು ಕಾಲು, ಎರಡು ಕಿವಿ. ನನಗೆ ಮುರಿದ ಸ್ಟೂಲ್ ಕಂಡಂಗಾಯ್ತು.

"ಕುರಿಮರಿ ಅದ್ರಿ," ಅಂದ. "ಸಾವ್ಕಾರ್ರ ಮಗಳು ರೇವತಿ ಗೀಚಿದ್ದು. ಇದು ಅವರ ಮೊದಲ್ನೇ ಗಾಡಿ, ಆಗ ತಾವ ಓಡಿಸ್ತಿದ್ರಂತ. ಆಕೀನ್ನ ಪಕ್ಕಕ್ಕ ಕುಂದ್ರಿಸ್ಕೊಂಡು ಹೋಗೋವಾಗ ತಲೀ ಪಿನ್ನಿಲೆ ಗೀಚ್ಯಾಳ. ಕಾಮಾಲಿ ಆಗಿ ಹೋದ್ಲು ಆ ಹುಡುಗಿ. ಈಗ ಅವರು ಯಾವಾಗ ಗಾಡಿ ಹತ್ತಿದ್ರೂ ಮೊದಲ ಬಟ್ಟು ಅಲ್ಲಿಗೇ ಹೋಗ್ತದ."

ಕೆಲಸ ಸಲೀಸಲ್ಲ ಅಂತ ಆಗ ಗೊತ್ತಾಯ್ತು. ಯಾಕೆ ಅಂತ ಬೇರೆಯೋರಿಗೆ ಗೊತ್ತಾಗಲ್ಲ, ಕೇಳಿ. ನಮ್ಮ ಕಸುಬಲ್ಲಿ ಬಣ್ಣ ಹೊಡೆದ್ರೆ ಅಂಚಿನ ತನಕ ಹೊಡೀಬೇಕು. ಬಾಗಿಲಾದ್ರೆ ಪೂರ್ತಿ ಬಾಗಿಲು, ಮುಚ್ಚಳ ಆದ್ರೆ ಪೂರ್ತಿ ಮುಚ್ಚಳ. ಆಗ ಕೂದಲೆಳೆ ವ್ಯತ್ಯಾಸ ಇದ್ರೂ ಸಂದಿಯಲ್ಲಿ ಮುಚ್ಚಿ ಹೋಗುತ್ತೆ. ನಡುವೆ ನಿಲ್ಲಿಸಿದ್ರೆ ಹೊಸದು ಹಳೇದು ಅಕ್ಕಪಕ್ಕ ಕೂತು, ಗೆರೆ ಎಳೆದಂಗೆ ಕಾಣುತ್ತೆ. ಇಲ್ಲಿ ಅಂಚಿನ ತನಕ ಹೋದ್ರೆ ಮಗು ಗೀಚಿದ್ದು ಅಳಿಸುತ್ತೆ, ನಡುವೆ ನಿಲ್ಲಿಸಿದ್ರೆ ಸುಟ್ಟಿದ್ದು ಗೊತ್ತಾಗುತ್ತೆ. ಎರಡರಲ್ಲಿ ಯಾವುದಾದ್ರೂ ಹುಲಿಗೆಪ್ಪನ ಕೆಲಸ ಹೋದಂಗೇ.

ಆದ್ರೂ ನಾನೇನು ಸುಮ್ನೆ ಬಿಡೋನಾ? ಹಲಸೂರಲ್ಲಿ ಪೇಂಟ್ ಅಂಗಡಿ ಇಟ್ಟಿರೋ ಖಾದರ್ ಹತ್ರ ಹೋಗಿ, ಶೇಡ್ ಕಾರ್ಡಲ್ಲಿ ಕಂಪನಿ ಬೂದು ಬಣ್ಣ ಹುಡುಕಿಸಿ ತಂದೆ. ತಗಡಿನ ಚೂರಿಗೆ ಹೊಡೆದು, ಒಣಗಿಸಿ, ಮುಚ್ಚಳದ ಪಕ್ಕ ಹಿಡಿದೆ. ಹಳೇ ಬಟ್ಟೆಗೆ ಹೊಸ ತೇಪೆ ಹಾಕಿದಂಗೆ ಎದ್ದು ಕಾಣ್ತು. ಸ್ವಲ್ಪ ಕಪ್ಪು ಸೇರಿಸಿದೆ, ಧೂಳು ಕೂತಂಗಾಯ್ತು. ಹಳದಿ ಸೇರಿಸಿದೆ, ಹಸಿ ಸಿಮೆಂಟ್ ಆಯ್ತು. ಪಿತ್ತ ನೆತ್ತಿಗೇರಿ ಡಬ್ಬಕ್ಕೆ ಒದ್ದೆ. ಅದು ಹೋಗಿ ನನ್ನ ಸ್ಕೂಟರ್ ಮೇಲೇ ಚೆಲ್ಲಿಕೊಳ್ತು. ಆ ಸಿಮೆಂಟ್ ಬಣ್ಣ ಮಾತ್ರ ಸ್ಕೂಟರಿಗೆ ಚೆನ್ನಾಗಿ ಹಿಡೀತು, ಹಾಳಾದ್ದು.

ಅದೇ ಸ್ಕೂಟರಲ್ಲಿ ಮತ್ತೆ ಹಲಸೂರಿಗೆ ಹೋದ್ರೆ, ಖಾದರ್ ನನ್ನ ಅವತಾರ ನೋಡಿ ನಕ್ಕುಬಿಟ್ಟ. "ಗುರು, ನಿನ್ನ ಕೈ ಚೆನ್ನಾಗೈತೆ, ಕಣ್ಣು ಸಾಲ್ದು. ಶಿವಾಜಿನಗರಕ್ಕೆ ಹೋಗು. ನಮ್ಮ ನೂರ್ಜಹಾನ್ ಆಪಾ ಇದಾರೆ, ದುಪಟ್ಟಾಗೆ ಬಣ್ಣ ಹಾಕ್ತಾರೆ."

"ಲೋ, ದುಪಟ್ಟಾಗೂ ಲಾರಿಗೂ ಏನೋ ಸಂಬಂಧ?"

"ಹೋಗಿ ನೋಡು. ಬೈಯ್ಯೋದಿದ್ರೆ ವಾಪಸ್ ಬಂದು ಬೈ."

ಬೇರೆ ದಾರಿ ಇರಲಿಲ್ಲ. ಮುಚ್ಚಳ ಬಿಚ್ಚಿ, ಟವೆಲ್ಲಲ್ಲಿ ಸುತ್ತಿ, ಮಗು ಥರ ತೊಡೆ ಮೇಲಿಟ್ಕೊಂಡು ಬಸ್ಸಲ್ಲಿ ಹೋದೆ. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿ. ಪಂಪ್ ಸ್ಟೋವ್ ಮೇಲೆ ಅಲ್ಯೂಮಿನಿಯಂ ಪಾತ್ರೆ ಕುದೀತಾ ಇತ್ತು. ಮೊಣಕೈ ತನಕ ನೀಲಿ ಆಗಿದ್ದ ಒಬ್ಬ ಹೆಂಗಸು ಕೋಲಲ್ಲಿ ದುಪಟ್ಟಾ ಎತ್ತಿದ್ಲು. ಒಂದು ಮೂಲೆ ಹಿಂಡಿ, ಇಸ್ತ್ರಿ ಪೆಟ್ಟಿಗೆ ಒತ್ತಿ ಒಣಗಿಸಿ, ಬೀದಿ ಬೆಳಕಿಗೆ ಬಂದು ಗಿರಾಕಿ ತಂದಿದ್ದ ಕಮೀಜಿನ ಪಕ್ಕ ಹಿಡಿದ್ಲು. ಕಮೀಜ್ ಎಲ್ಲಿ ಮುಗೀತು, ದುಪಟ್ಟಾ ಎಲ್ಲಿ ಶುರುವಾಯ್ತು ಅಂತ ನನಗೆ ಕಾಣಲಿಲ್ಲ. ಅಯ್ಯಪ್ಪಾ ಅಂದ್ಕೊಂಡೆ.

"ಏನ್ ನೋಡ್ತೀರಾ ಅಣ್ಣಾ? ಈ ಗಲ್ಲೀಲಿ ನನ್ನಂಥ ಕಣ್ಣು ಇನ್ನೊಂದಿಲ್ಲ," ಅಂದ್ಲು. ಆ ಒಂದು ಮಾತಿಗೇ ಅವಳು ನನಗೆ ಹಿಡಿಸಿಬಿಟ್ಲು. ನಾನೂ ಹಂಗೇ ಮಾತಾಡೋನಲ್ವಾ!

ಮುಚ್ಚಳ ಕೊಟ್ಟು, ಕರ್ಪೂರದಿಂದ ಕುರಿಮರಿ ತನಕ ಎಲ್ಲಾ ಹೇಳಿದೆ. ಅವಳು ಮುಚ್ಚಳ ಮಗುಚಿ ಒಳಭಾಗ ನೋಡಿದ್ಲು. ಒಳಗೆ ಬಿಸಿಲು ಸೋಕದ ಕಡೆ ಅಚ್ಚ ಬೂದು, ನಾನು ಖಾದರ್ ಅಂಗಡಿಯಿಂದ ತಂದ ಬಣ್ಣಾನೇ.

"ನೀವು ಇದು ಹುಟ್ಟಿದ ಬಣ್ಣ ತಂದಿದೀರ ಅಣ್ಣಾ. ಇದು ಬದುಕಿದ ಬಣ್ಣ ಬೇರೆ. ಗಾಡಿ ನೋಡದೆ ನಾನು ಹೇಳಲ್ಲ. ಅದರ ಅಕ್ಕಪಕ್ಕ ಏನೈತೆ, ಬಿಸಿಲು ಎಲ್ಲಿಂದ ಬರುತ್ತೆ, ನೋಡ್ಬೇಕು."

ಶುಕ್ರವಾರ ನಮಾಜಿನ ಹೊತ್ತಿಗೆ ಸ್ಟೋವ್ ಆರಿಸ್ತಾಳಂತೆ. ಆ ಮಧ್ಯಾಹ್ನ ಬಸ್ಸಲ್ಲಿ ಕೆ.ಆರ್. ಪುರಕ್ಕೆ ಬಂದ್ಲು. ಕೈಯಲ್ಲಿ ದಾರದ ಒಂದು ದೊಡ್ಡ ಕಂತೆ. ಯಾವ್ಯಾವುದೋ ಪಾತ್ರೇಲಿ ಮುಳುಗಿಸಿ ತೆಗೆದ ನೂಲಿನ ಚೂರುಗಳು, ನೂರಾರು ಬಣ್ಣ. ಬುರ್ಖಾ ಎತ್ತಿ ಹಿಡಿದು ಕ್ಯಾಂಟರ್ ಹತ್ತಿ, ಕ್ಲೀನರ್ ಸೀಟಲ್ಲಿ ಕೂತು, ಮೊದಲು ಸುಮ್ನೆ ಸುತ್ತ ನೋಡಿದ್ಲು. ಆಮೇಲೆ ಹುಲಿಗೆಪ್ಪನ್ನ ಕೇಳಿದ್ಲು, "ದಿನಾ ಊದಿನಕಡ್ಡಿ ಎಲ್ಲಿ ಹಚ್ತೀಯಪ್ಪಾ?" ಫೋಟೋ ಮುಂದೆ ಅಂದ. "ಒರೆಸೋದು ಏನಲ್ಲಿ?" ಹುಸೇನಮ್ಮ, ಕೊಬ್ಬರಿ ಎಣ್ಣೆ ಹನಿ ಹಾಕಿದ ಬಟ್ಟೇಲಿ ಅಂದ್ಲು.

ಮುಚ್ಚಳ ಅದರ ಜಾಗದಲ್ಲಿ ಕೂರಿಸಿದೆ. ನೂರ್ಜಹಾನ್ ಒಂದೊಂದೇ ದಾರ ಅದರ ಮೇಲಿಟ್ಟು, ತೆಗೆದು, ಇನ್ನೊಂದು ಇಟ್ಟು ನೋಡ್ತಾ ಹೋದ್ಲು. ಒಂದು ದಾರ ಇಟ್ಟಾಗ, ದೇವರಾಣೆ, ಅದು ಕಾಣಿಸ್ಲೇ ಇಲ್ಲ. ಪ್ಲಾಸ್ಟಿಕ್ಕಿನ ಒಳಗೇ ಮುಳುಗಿ ಹೋದಂಗಾಯ್ತು.

"ದಾರ ಕಾಣದಂಗಾಯ್ತಾ? ಅದೇ ಬಣ್ಣ," ಅಂದ್ಲು. ಅದೇ ದಾರ ಒಂದು ಗೇಣು ಈ ಕಡೆ ಸರಿಸಿದ್ಲು. ಎದ್ದು ಕಾಣ್ತು! "ನೋಡಿ ಅಣ್ಣಾ. ದೇವರ ಕಡೆ ಹೊಗೆ ಕುಡಿದು ಹಳದಿ ತಿರುಗೈತೆ. ಬಾಗಿಲ ಕಡೆ ಬಿಸಿಲು ತಿಂದು ಬೆಳ್ಳಗಾಗೈತೆ. ನಡುವೆ ಎರಡೂ ಐತೆ. ನೀವು ಒಂದು ಬಣ್ಣ ಹುಡುಕ್ತಿದ್ರಿ. ಇಲ್ಲಿ ಒಂದು ಬಣ್ಣ ಇಲ್ಲವೇ ಇಲ್ಲ."

ಇಷ್ಟು ವರ್ಷ ಸ್ಪ್ರೇ ಬಣ್ಣದ ಹೊಗೆ ಕುಡಿದೋನು ನಾನು. ನನ್ನ ಕಣ್ಣೆದುರಿಗೇ ಇದ್ದಿದ್ದನ್ನ ಈ ಪುಣ್ಯಾತ್ಗಿತ್ತಿ ನೂಲಿನ ಚೂರಲ್ಲಿ ತೆಗೆದು ತೋರಿಸಿದ್ಲು. ಹೊಟ್ಟೆಕಿಚ್ಚು ಪಡೋಕೂ ಪುರುಸೊತ್ತಾಗಲಿಲ್ಲ, ಅಷ್ಟು ಖುಷಿ ಆಯ್ತು.

ಮೂರು ಕಡೆಗೆ ಮೂರು ದಾರ ಆರಿಸಿದ್ಲು. ನಾನು ಮೂರು ಡಬ್ಬದಲ್ಲಿ ಬಣ್ಣ ಕಲೆಸಿದೆ. ಕಪ್ಪಿನ ಡಬ್ಬ ಕೈಗೆತ್ತಿಕೊಂಡ್ರೆ ಕೈ ಮೇಲೇ ಹೊಡೆದ್ಲು. "ಅರೇ, ಕಪ್ಪು ಬಿಡಿ! ಕಪ್ಪು ಹಾಕಿದ್ರೆ ಬಣ್ಣ ಸಾಯುತ್ತೆ. ನೀಲಿ ಒಂದು ಹನಿ, ಕಾವಿ ಒಂದು ಹನಿ ಹಾಕಿ." ನನ್ನ ಶೆಡ್ಡಲ್ಲಿ, ನನ್ನ ಕೈ ಮೇಲೆ! ಹುಲಿಗೆಪ್ಪ ಹೆದರ್ಕೊಂಡು ನನ್ನ ಮುಖ ನೋಡಿದ. ನಾನು ನೀಲಿ ಹಾಕಿದೆ. ತಗಡಿನ ಮೇಲೆ ಬಳಿದು ಒಣಗಿಸಿ, ದಾರ ಮುಳುಗೋ ತನಕ ಹನಿ ಹನಿ ಸೇರಿಸಿದ್ವಿ.

ಅಲ್ಲಿಗೆ ಅವಳ ಕೆಲಸ ಮುಗೀತು, ನಂದು ಶುರು. ಕಂಪನಿ ಪ್ಲಾಸ್ಟಿಕ್ ಅಂದ್ರೆ ನುಣ್ಣಗಿರಲ್ಲ, ಚರ್ಮದ ಥರ ಸಣ್ಣ ಸಣ್ಣ ತರಿ ಇರುತ್ತೆ. ಸುಟ್ಟ ಗುಳಿಗೆ ಪಟ್ಟಿ ತುಂಬಿಸಿ ಉಜ್ಜಿ, ಕುರಿಮರಿ ಮೇಲೆ ಕಾಗದ ಅಂಟಿಸಿದೆ. ಆಮೇಲೆ ಸ್ಪ್ರೇ ಗನ್ ದೂರ ಹಿಡಿದು, ಬಣ್ಣ ಗಾಳೀಲೇ ಅರ್ಧ ಒಣಗಿ ರವೆ ಉದುರಿದಂಗೆ ಬೀಳೋ ಹಾಗೆ ಹೊಡೆದೆ. ಮೊದಲು ಹಳದಿ ಕಡೇದು, ಅದರ ಮೇಲೆ ಹಾಯಿಸಿ ನಡುವಿಂದು, ಕೊನೇಗೆ ಬೆಳ್ಳಂದು. ಕುರಿಮರಿಗೆ ಅಂಗೈಯಷ್ಟು ದೂರ ಇರೋವಾಗ ಮಣಿಕಟ್ಟು ತಿರುಗಿಸಿ ಬಣ್ಣಾನ ಗಾಳಿಗೆ ಬಿಟ್ಟೆ. ಉಸಿರು ಬಿಡೋಕೂ ಭಯ.

ಒಣಗಿದ ಮೇಲೆ ನೂರ್ಜಹಾನ್ ಬಗ್ಗಿ ನೋಡಿದ್ಲು. ನೋಡ್ತಾನೇ ಇದ್ಲು. "ಅಣ್ಣಾ, ಎಲ್ಲಿ ನಿಲ್ಲಿಸಿದ್ರಿ?"

"ನೀವೇ ಹುಡುಕಿ," ಅಂದೆ. ಅವಳಿಗೆ ಸಿಗಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು, ಹುಚ್ಚರ ಥರ ನಕ್ಕಿದ್ದೇ ನಕ್ಕಿದ್ದು.

ಹೋಗೋವಾಗ ಅವಳು ಕೇಳಿದ್ದು ಒಂದೇ. ಲಾರೀಲಿ ಯಾವತ್ತೂ ಕೂತಿಲ್ಲವಂತೆ, ಹಲಸೂರು ತನಕ ಬಿಡ್ಬೇಕಂತೆ, ಹಾರನ್ ಅವಳೇ ಹೊಡೀತಾಳಂತೆ. ಹೊಡೆದ್ಲು ಕೂಡ, ಟಿನ್ ಫ್ಯಾಕ್ಟರಿ ಸ್ಟಾಪ್ ತನಕ ನನಗೆ ಕೇಳಿಸ್ತಿತ್ತು.

ದೀಪಾವಳಿ ಕಳೀತು. ಭಗವಂತರಾಯರು ನನ್ನ ಶೆಡ್ಡಿಗೇ ಬಂದ್ರು, ಗಾಡಿ ಅಲ್ಲೇ ನಿಂತಿತ್ತು. ಬಿಳೀ ಧೋತ್ರ, ಮಾತು ಕಮ್ಮಿ. ಸೀದಾ ಕ್ಲೀನರ್ ಸೀಟಿಗೆ ಹತ್ತಿ ಕೂತ್ರು. ಬೆರಳು ಹೋಗಿ ಕುರಿಮರಿ ಮೇಲೆ ಕೂತ್ಕೊಳ್ತು. ಕಾಲು, ಕಿವಿ, ಬೆನ್ನು, ನಿಧಾನಕ್ಕೆ ಸವರಿದ್ರು. ಬೇರೆ ಏನನ್ನೂ ನೋಡಲಿಲ್ಲ. ಹುಲಿಗೆಪ್ಪ ನನ್ನ ಕಡೆ ತಿರುಗಿ ಕಣ್ಣು ಮುಚ್ಚಿ ತೆಗೆದ. ಗೆದ್ವಿ ಅಂದ್ಕೊಂಡೆ.

ಆಗ ಹುಸೇನಮ್ಮ ಮುಂದೆ ಬಂದು ಬಾಗಿಲ ಹತ್ರ ನಿಂತ್ಲು.

"ಸಾವ್ಕಾರ್ರ, ನಾ ತಪ್ಪು ಮಾಡೀನ್ರಿ. ಆ ಮುಚ್ಚಳದ ಮ್ಯಾಲೆ ಕರ್ಪೂರ ಇಟ್ಟು ಸುಟ್ಟಾಕಿ ನಾನು. ನೀವು ಆ ಕೂಸಿನ ಕುರಿಮರಿ ಸವರೋದು ನೋಡಿ ಸುಮ್ಮಕ ಇರಾಕ ಆಗವಲ್ದು. ನನ್ನ ಗಂಡಂದು ಏನೂ ತಪ್ಪಿಲ್ರಿ."

ನನಗಂತೂ, ಏನಮ್ಮಾ ತಾಯಿ, ಇಷ್ಟೆಲ್ಲಾ ಮಾಡಿದ್ದು ಇದಕ್ಕಾ ಅಂತ ಕಿರುಚಬೇಕು ಅನಿಸ್ತು. ಹುಲಿಗೆಪ್ಪ ಗೋಡೆಗೆ ಒರಗಿಬಿಟ್ಟ.

ಭಗವಂತರಾಯರು ಅವಳ ಕಡೆ ತಿರುಗಿದ್ರು. "ಎಲ್ಲಿ ಸುಟ್ಟದವ್ವಾ?" ಅಂದ್ರು.

ಅವಳು ಕೈ ತೋರಿಸಿದ್ಲು. ಅವರು ಬಗ್ಗಿ ನೋಡಿದ್ರು, ಕಾಣಲಿಲ್ಲ. ಕಣ್ಣು ಮುಚ್ಚಿ, ಬೆರಳು ಕುರಿಮರಿಯಿಂದ ದೇವರ ಫೋಟೋ ತನಕ ಮೆಲ್ಲಗೆ ಎಳ್ಕೊಂಡು ಹೋದ್ರು. ಎಲ್ಲೂ ತಡೀಲಿಲ್ಲ. ವಾಪಸ್ ಎಳ್ಕೊಂಡು ಬಂದ್ರು. ಬೆರಳು ಮತ್ತೆ ಕುರಿಮರಿಗೇ ಬಂದು ನಿಂತ್ಕೊಳ್ತು.

"ಪೂರಾ ಬಳದು ಬಿಡಬಹುದಿತ್ತಲ್ಲ, ಸಸಾರ ಇತ್ತು," ಅಂದ್ರು ನನ್ನ ಕಡೆ ನೋಡಿ. "ಇದನ್ನ ಯಾಕ ಉಳಿಸಿದ್ರಿ?"

"ಮಗು ಗೀಚಿದ್ದು ಅಂತ ಗೊತ್ತಿತ್ತು, ಯಜಮಾನ್ರೇ," ಅಂದೆ. "ಕೈ ನಂದು. ಕಣ್ಣು ಶಿವಾಜಿನಗರದ ನೂರ್ಜಹಾನ್ ಅವರದು. ಅವರಿಲ್ದಿದ್ರೆ ನಡುವೆ ನಿಲ್ಲಿಸೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಅವರು ಕೈ ಚಾಚಿ ಸ್ಟೇರಿಂಗ್ ಪಕ್ಕದಿಂದ ಗಾಡಿ ಚಾವಿ ಕಿತ್ಕೊಂಡ್ರು. ಕೆಳಗಿಳಿದ್ರು. ಹುಲಿಗೆಪ್ಪ ತಲೆ ಬಗ್ಗಿಸಿ ನಿಂತಿದ್ದ. ಅವನನ್ನ ದಾಟಿ ಹೋಗಿ, ಚಾವಿ ಹುಸೇನಮ್ಮನ ಕೈಗಿಟ್ರು.

"ಗಂಡಗ ಕೊಡವ್ವಾ, ಲೋಡಿಗೆ ಹೊತ್ತಾತು," ಅಂದ್ರು. "ಬರೋ ವರ್ಷ ಕರ್ಪೂರ ಕೆಳಗ ಹಚ್ಚು, ಗಾಲಿ ಮುಂದ. ಹಚ್ಚೋವಾಗ ನನ್ನ ಮಗಳ ಹೆಸರೂ ಒಮ್ಮಿ ತಗೋ. ಭಾಳ ದಿನ ಆತು, ಯಾರೂ ಆ ಹೆಸರು ಕರೆದಿಲ್ಲ."

ಮುಂದಿನ ಆಯುಧಪೂಜೆಗೆ ಕ್ಯಾಂಟರ್ ನನ್ನ ಶೆಡ್ಡಿನ ಮುಂದೇನೇ ನಿಂತಿತ್ತು. ಭಗವಂತರಾಯರು ಬಂದಿದ್ರು, ನೂರ್ಜಹಾನೂ ಬಂದಿದ್ಲು. ಹುಸೇನಮ್ಮ ಗಾಲಿ ಮುಂದೆ ಕರ್ಪೂರ ಹಚ್ಚಿ, ರೇವತಿ, ಅಂತ ಎಲ್ಲರಿಗೂ ಕೇಳೋ ಹಾಗೆ ಕರೆದ್ಲು.