ಪರದೆ ಮಾತ್ರ ಆರಿಸು

ಆಕಾಶಕ್ಕೆ ಈ ಬಣ್ಣ ಎಲ್ಲಿಂದ ಬಂತು, ನೇರಳೆ, ಬರೀ ನೇರಳೆಯೂ ಅಲ್ಲ, ಹಬ್ಬಕ್ಕೆ ಬೇಯಿಸಿ ಅರೆದ ಊಬೆ ಗೆಣಸಿನ ಬಣ್ಣ, ಕಂಪ್ಯೂಟರ್ ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಸಟ್ಟುಗದಲ್ಲಿ ಬಳಿದಿಟ್ಟ ಹಾಗೆ, ಅದರ ಕೆಳಗೆ ಇರಬೇಕಾದ ಗುಡ್ಡ ಇಲ್ಲ, ಸಮುದ್ರ ಇಲ್ಲ, ಊರು ಕಟ್ಟುವ ಆ ಆಟ ಶುರುಮಾಡುವ ಗುಂಡಿಗಳೂ ಇಲ್ಲ, ಅಲ್ಲಲ್ಲಿ ಕಪ್ಪು ಚೌಕಗಳು ಮಾತ್ರ, ಅವುಗಳ ನಡುವೆ ಒಂದು ಬಿಳಿ ಬಾಣ ಸಾಲು ತಪ್ಪಿದ ಇರುವೆಯಂತೆ ಓಡಾಡುತ್ತಿದೆ, ಅದನ್ನು ಓಡಿಸುತ್ತಿರುವುದು ತನ್ನದೇ ಕೈ ಎಂದು ದಾಯ್ಲಿನ್‌ಗೆ ತಡವಾಗಿ ಹೊಳೆಯುತ್ತದೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ, ಲೋಲಾ ಪುರಿಂಗ್, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ತೊಡೆಯ ಮೇಲೆ ಬಾಳೆಯೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸಿಹಿ, ಬಿಚ್ಚಿದ್ದಾಳೆ, ತಿಂದಿಲ್ಲ, ಏನೇ ಇಂದಾಯ್, ಮನೆಯ ಹುಡುಗಿಯನ್ನು ಎಲ್ಲರೂ ಮುದ್ದಿಗೆ ಕರೆಯುವ ಹಾಗೆ, ನನ್ ಬೀದಿ ಎಲ್ಲಿ, ಬರತ್ತೆ ಲೋಲಾ, ಬಣ್ಣ ಕೆಟ್ಟಿದೆ ಅಷ್ಟೆ, ಬಣ್ಣ ಕೆಟ್ರೆ ಬೀದಿ ಎಲ್ಲಿಗ್ ಹೋಗತ್ತೆ — ನಿಜ, ಎಲ್ಲಿಗೂ ಹೋಗುವುದಿಲ್ಲ, ಬಣ್ಣದ ಹಿಂದೆ ಇದ್ದೇ ಇರುತ್ತದೆ, ದಾಯ್ಲಿನ್ ಇದನ್ನೇ ಒಂದು ಗಂಟೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ, ಬೀದಿ ಇದೆ, ನಲವತ್ಮೂರು ಮನೆ ಇವೆ, ಕಾಣಿಸುವ ಕಣ್ಣಿಗೆ ಮಾತ್ರ ಪೊರೆ ಬಂದಿದೆ. ಒಂದು ಗಂಟೆ ಹಿಂದೆ ಎಷ್ಟು ಚೆನ್ನಾಗಿತ್ತು, ಇಂದು ಉಂಡಾಸ್, ಸತ್ತವರ ದಿನ, ಎಲ್ಲರೂ ಕೆಳಗೆ ಕಡಲ ಬದಿಯ ಗೋರಿಗಳಿಗೆ ಹೋಗಿದ್ದಾರೆ, ಹೆಸರಿಲ್ಲದ ಆ ಉದ್ದನೆಯ ಗುಂಡಿಗೆ, ಬಿರುಗಾಳಿಯ ಮಾರನೆಯ ದಿನ ಯಾರು ಯಾರೆಂದು ನೋಡದೆ ಎಲ್ಲರನ್ನೂ ಒಟ್ಟಿಗೆ ಮಲಗಿಸಿದ ಜಾಗಕ್ಕೆ, ಲೋಲಾಗೆ ಈ ವರ್ಷ ಗುಡ್ಡ ಇಳಿಯಲಾಗದು, ಹಾಗಾದ್ರೆ ಇಲ್ಲೇ, ಆಟದ್ ಬೀದೀಲೇ ದೀಪ ಹಚ್ಚೋಣ ಕಣೇ, ಒಂದೊಂದ್ ಬಾಗಿಲಿಗೆ ಒಂದೊಂದು, ಅಲ್ಲಿ ಎಲ್ಲಾ ಒಂದೇ ಗುಂಡೀಲಿ, ಯಾರ್ ದೀಪ ಯಾರಿಗ್ ಸೇರತ್ತೋ. ಆಟದಲ್ಲಿ ಮೇಣದ ಬತ್ತಿ ಇರಲಿಲ್ಲ, ಕಂದೀಲು ಇತ್ತು, ಉರಿ ಅಲ್ಲಾಡ್ಬೇಕು, ಸುಮ್ನೆ ಬೊಂಬೆ ಥರ ಇರೋದು ದೀಪವಾ ಎಂದಳು ಲೋಲಾ, ದಾಯ್ಲಿನ್ ನೆರಳು-ಬೆಳಕಿನ ಪಟ್ಟಿಯನ್ನು ಮೇಲಿನ ತುದಿಗೆ ಎಳೆದಳು, ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಬೆಳಕೇ ಭಾರ, ಪ್ರತಿ ಉರಿಗೂ ನೆರಳು ಲೆಕ್ಕಹಾಕಿ ಹಾಕಿ ಅದರ ಎದೆ ಒಡೆಯುತ್ತದೆ ಎಂದು ಗೊತ್ತಿದ್ದೂ ಎಳೆದಳು, ಮೂವತ್ತೊಂದನೆಯ ಬಾಗಿಲಲ್ಲಿ ಕಂದೀಲು ಇಟ್ಟಾಗ ಕಂಪ್ಯೂಟರ್ ಪೆಟ್ಟಿಗೆಯ ಫ್ಯಾನ್ ಕಿರುಚಿ, ಪರದೆ ಸೀಳುಸೀಳಾಗಿ ನಿಂತು, ಕಪ್ಪಾಗಿ, ತಾನೇ ಮತ್ತೆ ಶುರುವಾಯಿತು, ಊಬೆ ಬಣ್ಣದಲ್ಲಿ.

ಡ್ರೈವರ್ ಹಾಳಾಗಿರಬೇಕು, ಕಾರ್ಡಿಗೂ ಆಟಕ್ಕೂ ನಡುವೆ ಮಾತು ದಾಟಿಸುವುದು ಅದೇ, ಅದು ತೊದಲಿದರೆ ಆಕಾಶ ಹೀಗೆ, ಫೋನಿನ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಹಾಕಿದಳು, ರೀಸ್ಟಾರ್ಟ್ ಮಾಡಿದಳು, ನೇರಳೆ, ಮತ್ತೆ ಹಾಕಿದಳು, ರೀಸ್ಟಾರ್ಟ್, ನೇರಳೆ — ಬೆಳ್ಳುಳ್ಳಿಯ ಸಿಪ್ಪೆಯಷ್ಟು ಹಗುರಾಗಿ ಒಳಗೆ ಏನೋ ಹಾರಿತು, ಅದನ್ನು ಹಿಡಿಯಲಿಲ್ಲ, ಪೆಟ್ಟಿಗೆ ಬಿಚ್ಚಿದಳು, ದೂಳು, ಹಲ್ಲಿಯ ಒಣಗಿದ ಮೊಟ್ಟೆಯ ಚಿಪ್ಪು, ಕಾರ್ಡನ್ನು ಹೊರಗೆಳೆದು ಅದರ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದಳು, ಮಾವನ ಕಂಪ್ಯೂಟರ್ ಅಂಗಡಿಯಲ್ಲಿ ಕಲಿತ ವೈದ್ಯ ಅದು, ಅರ್ಧ ಕಾಯಿಲೆ ರಬ್ಬರಿಗೇ ಹೋಗ್ತಿತ್ತು, ನೋಡ್ ನೋಡು ಹಲ್ಲುಜ್ತಾಳೆ ಕಂಪ್ಯೂಟರಿಗೆ ಎಂದು ಲೋಲಾ ನಕ್ಕಳು, ನನ್ ಹಲ್ಲೂ ಹಂಗೇ ಉಜ್ಜಿದ್ರೆ ನಾಲ್ಕಾದ್ರೂ ಉಳೀತಿತ್ತು, ದಾಯ್ಲಿನ್ ಕೂಡ ನಕ್ಕಳು, ಕಾರ್ಡ್ ಕೂರಿಸಿದಳು, ಡ್ರೈವರ್ ಹಾಕಿದಳು, ರೀಸ್ಟಾರ್ಟ್, ನೇರಳೆ. ಹೊರಗೆ ಪುನರ್ವಸತಿಯ ಒಂದೇ ಅಳತೆಯ ಮನೆಗಳ ಮೇಲೆ ಮೂರು ಗಂಟೆಯ ಬಿಸಿಲು, ತಗಡು ಚಟಚಟ ಎನ್ನುತ್ತಿದೆ, ಇಲ್ಲಿ ಎಲ್ಲ ಬಾಗಿಲೂ ಒಂದೇ ಬಣ್ಣ, ಬಂದ ಮೊದಲ ವರ್ಷ ಲೋಲಾ ದಿನವೂ ಬೇರೆಯವರ ಮನೆಗೆ ನುಗ್ಗುತ್ತಿದ್ದಳು, ಕೆಳಗಿನ ಬೀದಿಯಲ್ಲಿ, ಬಿರುಗಾಳಿಗೆ ಕಡಲು ನುಗ್ಗಿ ಕೊಚ್ಚಿಹೋದ ಆ ಬೀದಿಯಲ್ಲಿ, ಹಾಗಿರಲಿಲ್ಲ, ನೀಲಿ ಬಾಗಿಲೆಂದರೆ ಇಸಿಂಗ್‌ಳ ಅಂಗಡಿ, ಕೇಳಿದ್ದಕ್ಕಿಂತ ಒಂದು ಮೊಟ್ಟೆ ಹೆಚ್ಚು ಕೊಟ್ಟು ಆಮೇಲೆ ಹಂಗಿಸುವವಳು, ಅದರ ಪಕ್ಕ ದೋಣಿ ಕೆತ್ತುವ ತಾಸ್ಯೋ, ಅವನ ಮೇಕೆ ಅವನ ಮಾಡಿನ ಮೇಲೇ ಮಲಗುತ್ತಿತ್ತು, ಆಮೇಲೆ ಹಳದಿ ಮನೆ, ಏಳು ಜನ, ಏಳೂ ಜನ — ದಾಯ್ಲಿನ್‌ಗೆ ಅವರ ಮುಖಗಳು ನೆನಪಿಲ್ಲ, ಆಗ ಹನ್ನೊಂದು ವರ್ಷ, ಅವಳಿಗೆ ನೆನಪಿರುವುದು ಚಾವಣಿಯ ತೊಲೆಗೆ ಅವಳನ್ನು ಬಿಗಿದು ಕಟ್ಟಿದ ಲೋಲಾಳ ಪಾವಡೆ, ಕೆಳಗೆ ಕಂದು ನೀರು, ಅಷ್ಟೆ. ಉಳಿದದ್ದೆಲ್ಲ ಲೋಲಾಳ ತಲೆಯಲ್ಲಿತ್ತು, ಹನ್ನೊಂದು ತಿಂಗಳು ಲೋಲಾ ಅದನ್ನು ಒಂದೊಂದೇ ಮನೆಯಾಗಿ ಹೊರತೆಗೆದು ಈ ಆಟದ ಖಾಲಿ ತೀರದಲ್ಲಿ ಇಟ್ಟಳು, ಆಟದವರ ಮನೆಗಳಿಗೆಲ್ಲ ಹೊಗೆಗೂಡು, ಇದ್ಯಾಕೆ, ಇಲ್ ಯಾರಿಗ್ ಚಳಿ, ಒಡಿ ಅದನ್ನ, ನಲವತ್ಮೂರು ಹೊಗೆಗೂಡು ಒಡೆದಿದ್ದಾಳೆ ದಾಯ್ಲಿನ್, ಈಚೆಗೆ ಲೋಲಾಳ ತಲೆಯಿಂದ ಹೆಸರುಗಳು ಜಾರುತ್ತಿವೆ, ದಾಯ್ಲಿನ್‌ಳನ್ನೇ ಅವಳ ಅಮ್ಮನ ಹೆಸರು ಹಿಡಿದು ಕರೆಯುತ್ತಾಳೆ, ಆದರೆ ಮನೆಯ ಮೇಲೆ ಬಾಣ ಇಟ್ಟರೆ ಸಾಕು, ಇದಾ, ಇದು ಕಣೇ ಕ್ಷೌರದ ಮೆಲಿಂಗ್ ಮನೆ, ಒಂದ್ ಕಿವಿ ಕೇಳ್ತಿರ್ಲಿಲ್ಲ, ಆ ಕಡೆ ಕೂದ್ಲು ಯಾವಾಗ್ಲೂ ಉದ್ದ ಬಿಡ್ತಿದ್ದ. ಕಣ್ಣು ಕಂಡರೆ ಬಾಯಿ ಹೇಳುತ್ತದೆ. ಹಾಗಾಗಿ ಬಣ್ಣ ಬರಬೇಕು, ಬಂದೇ ತೀರಬೇಕು.

ಮನೆಗಳ ಹೆಸರನ್ನಾದರೂ ಡೈರಿಯಲ್ಲಿ ಬರೆದಿರಬಹುದು, ದಿನವೂ ಬರೆಯುತ್ತೇನಲ್ಲ, ಎದ್ದು ದಿಂಬಿನ ಕೆಳಗಿನಿಂದ ತೆಗೆದಳು, ಪುಟ ತಿರುವಿದಳು, ಫೆಬ್ರವರಿ, ಇವತ್ತು ಯಾರೊಡನೆಯೂ ಮಾತಾಡಲಿಲ್ಲ, ಬ್ಯಾಂಕಿನ ಸಂದರ್ಶನದಲ್ಲಿ ಧ್ವನಿಯೇ ಹೊರಡಲಿಲ್ಲ, ಮಾರ್ಚ್, ನನ್ನೊಳಗೆ ಒಂದು ಬಾವಿಯಿದೆ — ಥೂ, ಬಾವಿಯಂತೆ — ಏಪ್ರಿಲ್, ಲೋಲಾ ಒಂದು ಮನೆ ಇಟ್ಟಳು, ಸೆಕೆ ಬಹಳ. ಒಂದು ಮನೆ. ಯಾರ ಮನೆ. ಹತ್ತು ಕಡೆ ಹಾಗೇ ಇದೆ, ಲೋಲಾ ಮನೆ ಇಟ್ಟಳು, ಲೋಲಾ ಎರಡು ಮನೆ ಇಟ್ಟಳು, ಲೋಲಾ ಮರ ಇಟ್ಟಳು, ಎಲ್ಲಾ ಪೆಟ್ಟಿಗೆಯೊಳಗೆ ಇದೆಯಲ್ಲ ಬರೆಯುವುದೇಕೆ ಎಂಬ ಧೈರ್ಯ, ತೆಗೆದ ಚಿತ್ರಗಳೂ ಅದೇ ಪೆಟ್ಟಿಗೆಯೊಳಗೆ, ಇನ್ನೂರು ಪುಟ ತನ್ನ ಬಾವಿಯ ಬಗ್ಗೆ ಬರೆದವಳು ನಲವತ್ಮೂರು ಹೆಸರು ಬರೆಯಲಿಲ್ಲ. ಇರಲಿ, ಬಣ್ಣ ಬರುತ್ತದೆ, ತಿಯೋ ಕ್ರಿಸ್ಪುಲೋಗೆ ಫೋನ್ ಮಾಡುವುದೊಂದೇ ಉಳಿದದ್ದು, ಹನ್ನೆರಡು ಕಂಪ್ಯೂಟರ್ ಸಾಕಿದ ಮಾವ, ಅಂಗಡಿ ಮುಚ್ಚಿದಾಗ ಇದೊಂದನ್ನು ಕೊಟ್ಟವನು, ಕರೆ ಮಾಡುವ ಮೊದಲು ಅವಳು ಹೇಳಬೇಕಾದ್ದನ್ನು ಬಾಯಲ್ಲಿ ಎರಡು ಸಲ ಜೋಡಿಸಿಕೊಳ್ಳುತ್ತಾಳೆ, ಮಾವನಿಗೂ, ಆ ಕಡೆ ಗೋರಿಗಳ ಗದ್ದಲ, ಯಾರೋ ಹಾಡು ಹಾಕಿದ್ದಾರೆ, ಏನೇ ಇಂದಾಯ್ ಬೇಗ ಹೇಳು, ಗಾಳಿಗೆ ಬತ್ತಿ ನಿಲ್ತಾನೇ ಇಲ್ಲ, ತಿಯೋ, ಡ್ರೈವರ್ ಹಾಕ್ತೀನಿ, ರೀಸ್ಟಾರ್ಟ್ ಮಾಡಿದ್ರೆ ಹೋಗತ್ತೆ, ಮೂರ್ ಸಲ ಆಯ್ತು, ಮಾವ ನಗುತ್ತಾನೆ, ಹೋಗ್ದೇ ಏನ್ ಮಾಡತ್ತೆ, ಫ್ರೀಜ್ ತೆಗ್ದಿದೀಯ ತಾನೇ, ಗಾಡಿಗೆ ಏರಿಸೋವಾಗ್ಲೇ ಹೇಳಿದ್ನಲ್ಲ ಮನೇಗ್ ಹೋಗಿ ತೆಗಿ ಅಂತ, ಹನ್ನೆರಡಕ್ಕೂ ನೀನೇ ಕೂತು ಹಾಕಿದ್ದು ಮರ್ತ್ಯಾ, ಪಾಸ್‌ವರ್ಡ್ ನನ್ ಹುಂಜದ್ ಹೆಸ್ರೇ — ಬೆಳ್ಳುಳ್ಳಿ ಸಿಪ್ಪೆ ಈಗ ಬಂದು ಕೈಯ ಮೇಲೇ ಕೂತಿತು. ಫ್ರೀಜ್. ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಅಕ್ಕಿಕಾಳಿನಷ್ಟು ಬಿಳಿ ಹಿಮದ ಚಿಹ್ನೆ, ಹನ್ನೊಂದು ತಿಂಗಳು ಕಣ್ಣೆದುರೇ ಇತ್ತು, ಗೋಡೆಯ ಮೊಳೆಯಂತೆ ಕಂಡೂ ಕಾಣದೆ. ಅಂಗಡಿಯ ಕಂಪ್ಯೂಟರ್‌ಗಳಿಗೆಲ್ಲ ಅದೇ ಕಾವಲು, ಹುಡುಗರು ಏನು ಹಾಳುಮಾಡಿದರೂ, ವೈರಸ್ಸು, ಕೊಳಕು ಚಿತ್ರ, ಏನೇ ತುಂಬಿದರೂ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು, ಕಂಪ್ಯೂಟರ್ ಫ್ರೀಜ್ ಹಾಕಿದ ದಿನ ಹೇಗಿತ್ತೋ ಹಾಗಾಗುತ್ತದೆ, ಆಮೇಲೆ ಬಂದದ್ದು ಯಾವುದೂ ಬಂದೇ ಇರಲಿಲ್ಲವೆಂಬ ಹಾಗೆ, ಪಾಠದ ಬರಹ ಕಳೆದುಕೊಂಡ ಹುಡುಗಿಯರು ಅಳುತ್ತಾ ಬಂದರೆ ಅವಳು ಮಾತಾಡದೆ ಗೋಡೆಯ ಬೋರ್ಡ್ ತೋರಿಸುತ್ತಿದ್ದಳು, ತನ್ನದೇ ದುಂಡು ಅಕ್ಷರ, ಮೆಷಿನ್ ಆರಿಸಿದರೆ ಎಲ್ಲ ಅಳಿಯುತ್ತದೆ, ಅತ್ತು ಪ್ರಯೋಜನವಿಲ್ಲ. ಆಟ ಅಂಗಡಿಯ ಕಾಲದ್ದು, ಅಂಗಡಿಯಲ್ಲೂ ಅದರ ಆಕಾಶ ಹೀಗೇ ನೇರಳೆ, ಅದಕ್ಕೇ ಹುಡುಗರು ಮುಟ್ಟುತ್ತಿರಲಿಲ್ಲ, ಇಲ್ಲಿಗೆ ತಂದ ದಿನ ಹೊಸ ಡ್ರೈವರ್ ಹಾಕಿದಾಗ ಕಂಪ್ಯೂಟರ್ ಕೇಳಿತ್ತು, ಈಗ ರೀಸ್ಟಾರ್ಟ್ ಮಾಡಲೇ, ಆಮೇಲೆ ಮಾಡಲೇ, ಲೋಲಾ ಕಾಯುತ್ತಿದ್ದಳು, ದಾಯ್ಲಿನ್ ಆಮೇಲೆ ಎಂದು ಒತ್ತಿದಳು, ಆ ಆಮೇಲೆ ಹನ್ನೊಂದು ತಿಂಗಳು ಎಳೆಯಿತು, ಅಂಗಡಿಯ ಅಭ್ಯಾಸ, ಮೆಷಿನ್ ಆರಿಸುವುದೇ ಇಲ್ಲ, ಲಾರಿ ಬ್ಯಾಟರಿಯ ಯುಪಿಎಸ್ ಇದೆ, ಕರೆಂಟ್ ಹೋದರೂ ನಡೆಯುತ್ತದೆ, ಲೋಲಾಗೆ ಮೊದಲ ಪಾಠವಾಗಿ ಹೇಳಿಕೊಟ್ಟದ್ದೇ ಅದು, ಆಟ ಮುಗಿದ ಮೇಲೆ ಪರದೆ ಮಾತ್ರ ಆರಿಸು, ಇಲ್ಲಿ, ಈ ಗುಂಡಿ, ಪೆಟ್ಟಿಗೆ ಮುಟ್ಟಬೇಡ, ಲೋಲಾ ಹಾಗೇ ಮಾಡಿದಳು, ಪ್ರತಿದಿನ, ಬೆರಳು ಚಾಚಿ, ನೀಲಿ ದೀಪ ಕಿತ್ತಳೆಯಾಗುವವರೆಗೆ ಒತ್ತಿಹಿಡಿದು, ಮಲ್ಕೊಳ್ರಪ್ಪ ಎಲ್ಲಾರೂ. ಒಂದೇ ಒಂದು ಸಲ ಪೆಟ್ಟಿಗೆಯನ್ನು ಆರಿಸಿದ್ದರೆ, ಮೊದಲ ವಾರದಲ್ಲೇ ಒಂದು ಸಲ, ಎರಡು ಮನೆ ಹೋಗುತ್ತಿದ್ದವು, ಗೊತ್ತಾಗುತ್ತಿತ್ತು. ಇಂದಾಯ್, ಇದೀಯಾ, ಏನ್ ಹೋಯ್ತೇ, ಏನಾದ್ರೂ ಇತ್ತಾ ಅದ್ರಲ್ಲಿ, ಏನಿಲ್ಲ ತಿಯೋ, ಆಟ.

ಆದರೂ ಆಟ ಉಳಿಸಿದ್ದು ಬೇರೆಲ್ಲೋ ಇರಬಹುದು, ಇರುವುದಿಲ್ಲ, ಇರಬಹುದು, ಹುಂಜದ ಹೆಸರು ಹೊಡೆದಳು, ಹಿಮದ ಚಿಹ್ನೆಯ ಮೇಲೆ ಕೆಂಪು ಗೀಟು ಬಿತ್ತು, ಎಷ್ಟು ಸುಲಭ, ಹನ್ನೆರಡು ಅಕ್ಷರ, ಡ್ರೈವರ್ ಹಾಕಿದಳು, ರೀಸ್ಟಾರ್ಟ್, ಈ ಸಲ ಹೋಗಲಿಲ್ಲ, ಆಟ ತೆರೆಯಿತು, ಆಕಾಶ ನೀಲಿ, ಆಹಾ ಬಂತು ಎಂದು ಲೋಲಾ ಚಪ್ಪಾಳೆ ತಟ್ಟುತ್ತಾಳೆ, ಅಂಟಕ್ಕಿ ತೊಡೆಯಿಂದ ಜಾರಿ ನೆಲಕ್ಕೆ, ಬಂತು ನೋಡು, ಎಷ್ಟು ಶುಭ್ರ, ಗುಡ್ಡಕ್ಕೆ ಹಸಿರು, ಅಲೆಗೆ ನೊರೆ, ಎಂದೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ, ಗುಂಡಿಗಳೂ ಬಂದಿವೆ, ಮೇಲಿನದು ಹೊಸ ಊರು ಕಟ್ಟು, ಅದರ ಕೆಳಗೆ ಹಳೆಯ ಊರಿಗೆ ಹೋಗು, ಕೆಳಗಿನದು ಬೂದಿ ಬಣ್ಣ, ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ, ಒತ್ತುತ್ತಾಳೆ, ಒತ್ತುತ್ತಾಳೆ. ಒಳಗ್ ಹೋಗೇ, ದೀಪ ಇನ್ನೂ ಹನ್ನೆರಡ್ ಮನೇಗ್ ಉಳಿದಿದೆ — ಬೇರೆ ಏನು ಮಾಡಬೇಕೆಂದು ತೋಚದೆ ಮೇಲಿನದನ್ನೇ ಒತ್ತಿದಳು, ತೀರ, ಹುಲ್ಲು, ಮೊದಲ ದಿನದ ಹುಲ್ಲು, ಒಂದು ಗೂಟವೂ ಇಲ್ಲ. ಲೋಲಾ ಮುಂದಕ್ಕೆ ಬಾಗಿ ನೋಡುತ್ತಾಳೆ, ಕನ್ನಡಕ ಮೇಲೆತ್ತಿ ನೋಡುತ್ತಾಳೆ, ಬಾಯಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿದೆ, ಮತ್ತೆ ಬಂತೇನೇ, ಯಾವುದು ಲೋಲಾ, ಇನ್ಯಾವುದು, ಕಡಲು. ದಾಯ್ಲಿನ್ ಡೈರಿ ತೆರೆದಳು, ಪೆನ್ನಿನ ಮುಚ್ಚಳ ಹಲ್ಲಿನಿಂದ ಕಿತ್ತಳು, ಇಸಿಂಗ್ ಎಂದು ಬರೆದಳು, ತಾಸ್ಯೋ, ಹಳದಿ ಮನೆ, ಕ್ಷೌರದ ಮೆಲಿಂಗ್, ಲೋಲಾ, ಮೆಲಿಂಗ್ ಮನೆ ಆದ್ಮೇಲೆ ಯಾರ್ದು, ಲೋಲಾ ಅವಳನ್ನೇ ನೋಡುತ್ತಾಳೆ, ಸಹಾಯ ಮಾಡುವ ಮನಸ್ಸಿನಿಂದ, ತೋರ್ಸು ಮಗಳೇ, ಹೇಳ್ತೀನಿ, ಹಾಗಲ್ಲ ಲೋಲಾ, ತೋರಿಸದೇನೇ ಹೇಳು, ಆ ಕಿವಿ ಕೇಳದವನ ಪಕ್ಕ, ಯಾರ್ಗೇ ಕಿವಿ ಕೇಳಲ್ಲ, ತೋರ್ಸು, ತೋರಿಸಿದ್ರೆ ತಾನೇ ಹೇಳೋದು — ಹುಲ್ಲಿನ ಮೇಲೆ ಬಾಣ ನಿಂತಿದೆ, ಪೆನ್ನು ಐದನೆಯ ಸಾಲಿನಲ್ಲಿ ನಿಂತಿದೆ, ತಗಡು ಚಟಚಟ, ಕಣ್ಣು ಉರೀತಿದೆ ಕಣೇ, ನಾಳೆ ಹಚ್ಚೋಣ ಎನ್ನುತ್ತಾಳೆ ಲೋಲಾ, ಕೈ ಚಾಚುತ್ತಾಳೆ, ಪೆಟ್ಟಿಗೆಗೆ ತಾಗದಂತೆ ಎಚ್ಚರದಿಂದ, ಕಲಿಸಿಕೊಟ್ಟ ಹಾಗೇ, ಸುಕ್ಕುಗಟ್ಟಿದ ತೋರುಬೆರಳು ಗುಂಡಿಯನ್ನು ಹುಡುಕುತ್ತದೆ, ಸಿಗುತ್ತದೆ, ಒತ್ತಿಹಿಡಿಯುತ್ತದೆ, ಮಲ್ಕೊಳ್ರಪ್ಪ ಎಲ್ಲಾರೂ, ಕಪ್ಪು ಪರದೆ, ಅದರ ಕೆಳಗೆ ನೀಲಿ ಹೋಗಿ ಕಿತ್ತಳೆ, ಒಂದು ಚುಕ್ಕಿ, ಬೆರಳು ಇನ್ನೂ ಅಲ್ಲೇ, ಕಿತ್ತಳೆ, ಬೆರಳು, ಕಿತ್ತಳೆ