ಕೆರೆತೋಟದ ಭಾನುವಾರಗಳು

ಬೀದಿಯ ತಿರುವಿನವರೆಗೂ ನನಗೆ ಕಾಣುತ್ತಿದ್ದದ್ದು ಮೂರು ಬೆನ್ನುಗಳು. ಎಡಕ್ಕೆ ಮಾವನವರದು, ಬಿಳಿ ಅಂಗಿಯೊಳಗೆ ನೆಟ್ಟಗೆ ನಿಂತದ್ದು. ಬಲಕ್ಕೆ ಅತ್ತೆಯವರದು, ಮಗುವಿನ ಎತ್ತರಕ್ಕೆಂದು ಕೊಂಚ ಬಾಗಿದ್ದು. ನಡುವೆ ಎರಡು ವರ್ಷವೂ ತುಂಬದ ನನ್ನ ಮಗಳು ನೀಲಾಂಬಿಕೆ, ಇಬ್ಬರ ಒಂದೊಂದು ಬೆರಳು ಹಿಡಿದು, ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ಜೋತುಬೀಳುತ್ತಾ ಹೋಗುತ್ತಿದ್ದಳು. ಭಾನುವಾರ ಬೆಳಗಿನ ತಿಂಡಿ ಮುಗಿದ ಮೇಲೆ ಅವರು ಹೀಗೆ ಕೆರೆತೋಟಕ್ಕೆ ಹೊರಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ತಿರುವು ದಾಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದೆ.

ನಿಲ್ಲುವುದಕ್ಕೆ ಕಾರಣವಿತ್ತು. ಅವರಿಬ್ಬರೂ ನೀಲಿಯ ಹುಟ್ಟಿನ ಅಜ್ಜ ಅಜ್ಜಿಯಲ್ಲ. ನೀಲಿಗೆ ಆರು ತಿಂಗಳಾಗಿದ್ದಾಗ ಅವಳ ತಂದೆ ಪಂಚಾಕ್ಷರಿ ಮೂರೇ ದಿನದ ಜ್ವರದಲ್ಲಿ ತೀರಿಕೊಂಡರು. ವರ್ಷ ಕಳೆದ ಮೇಲೆ ನನ್ನ ಅಣ್ಣ ಊರೂರು ಓಡಾಡಿ ನನಗೆ ಮತ್ತೊಂದು ಮದುವೆ ಮಾಡಿಸಿದ. ನಿಜಗುಣ ಒಳ್ಳೆಯವರು, ಮಿತವಾಗಿ ಮಾತಾಡುವವರು. ಮಹದೇವಯ್ಯ ಮತ್ತು ಸರ್ವಮಂಗಳಮ್ಮನವರ ಒಬ್ಬನೇ ಮಗ. ಒಬ್ಬನೇ ಮಗನಿಗೆ ಮಗುವಿರುವ ಹೆಣ್ಣನ್ನು ತಂದುಕೊಳ್ಳುವುದೆಂದರೆ ಅವರ ನೆಂಟರಿಷ್ಟರಲ್ಲಿ ಎಷ್ಟು ಮಾತು ಎದ್ದಿರಬಹುದೆಂದು ನನಗೆ ಗೊತ್ತಿತ್ತು. ಆ ಮಾತಿನಲ್ಲಿ ಒಂದೂ ನನ್ನ ಕಿವಿಗೆ ಬೀಳದಂತೆ ಅವರು ನೋಡಿಕೊಂಡಿದ್ದರು. ಆದರೂ ನನ್ನೊಳಗೆ ಅಳುಕಿತ್ತು. ಮಗುವನ್ನು ಅವರು ಎತ್ತಿಕೊಂಡಾಗಲೆಲ್ಲ, ಇದು ಅಕ್ಕರೆಯೋ ಇಲ್ಲ ಒಪ್ಪಿಕೊಂಡ ಮೇಲಿನ ಕರ್ತವ್ಯವೋ ಎಂದು ಅವರ ಮುಖ ನೋಡುತ್ತಿದ್ದೆ.

ಪಂಚಾಕ್ಷರಿಯವರ ತಂದೆತಾಯಿಗಳ ಸಂಬಂಧ ಆ ಹೊತ್ತಿಗೆ ಕಡಿದುಹೋಗಿತ್ತು. ತಂದೆ ಗುರುಬಸಪ್ಪನವರು ಧಾನ್ಯದ ಮಂಡಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ತಾಯಿ ಹಾಲಮ್ಮ. ನನ್ನ ಎರಡನೆಯ ಮದುವೆ ಗೊತ್ತಾದಾಗ ಹಾಲಮ್ಮನವರು ನಾಲ್ಕು ಜನರೆದುರು, ಮಗನ ಕಣ್ಣು ಮೂಗು ಅಂತ ಉಳಿದಿರೋದು ಆ ಕೂಸಿನ ಮುಖದಲ್ಲಿ, ಅದನ್ನೂ ಪರರ ಮನೆಗೆ ಒಯ್ಯುತ್ತಾಳೆ ಎಂದಿದ್ದರು. ಆ ಮಾತು ನನಗೆ ಮುಳ್ಳಾಗಿ ನೆಟ್ಟಿತು. ಮದುವೆಗೆ ಇನ್ನು ವಾರವಿದೆ ಎನ್ನುವಾಗ ಗುರುಬಸಪ್ಪನವರು ಒಬ್ಬರೇ ನನ್ನ ತವರಿಗೆ ಬಂದರು. ಮಗುವನ್ನು ಒಮ್ಮೆ ನೋಡಿ ಹೋಗುತ್ತೇನೆಂದರಂತೆ. ಆಗಿದ್ದು ಆಯಿತು, ಇನ್ನು ಅವಳನ್ನು ಅವಳ ಪಾಡಿಗೆ ಬಿಡಿ ಎಂದು ಅಣ್ಣ ಗೇಟಿನಿಂದಲೇ ಹೇಳಿ ಕಳಿಸಿದ. ನಾನು ಅಡುಗೆಮನೆಯ ಕಿಟಕಿಯ ಹಿಂದೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ. ಅವರು ತಿರುಗಿ ಹೋದದ್ದನ್ನು ನೋಡಿದೆ. ಕರೆಯಬೇಕಿತ್ತು. ಕರೆಯಲಿಲ್ಲ.

ಈ ಮನೆಗೆ ಬಂದ ಮೂರನೆಯ ತಿಂಗಳಲ್ಲಿ ಭಾನುವಾರದ ತಿರುಗಾಟ ಶುರುವಾಯಿತು. ಮಾವನವರು ಮೂವತ್ತು ವರ್ಷ ಊರಿನ ನೀರು ಸರಬರಾಜಿನ ಕೆಲಸದಲ್ಲಿದ್ದವರು. ಕೆರೆಯ ಏರಿಯ ಕೆಳಗಿನ ತೋಟದಲ್ಲಿ ಯಾವ ಗಿಡ ಯಾವ ವರ್ಷ ನೆಟ್ಟಿದ್ದೆಂದು ಹೇಳಬಲ್ಲವರು. ಅವರ ನಡಿಗೆಯ ಬಿರುಸಿಗೆ ಮಗನೂ ಸರಿಸಾಟಿಯಾಗುತ್ತಿರಲಿಲ್ಲ. ಅಂಥವರು ನೀಲಿಯ ಜೊತೆ ಹತ್ತು ನಿಮಿಷದ ದಾರಿಗೆ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದರು. ನೀಲಿಗೆ ದಾರಿಯಲ್ಲಿ ಕಟ್ಟಿಹಾಕಿದ ಎಮ್ಮೆಯನ್ನು ಮಾತಾಡಿಸಬೇಕು, ಸೈಕಲ್ ಶಾಪಿನ ನೀರಿನ ಬಾಣಲೆಗೆ ಕೈ ಅದ್ದಬೇಕು, ಯಾರದೋ ಮನೆಯ ಒಂದೇ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿ ಇಳಿಯಬೇಕು. ಮಾವನವರು ಆ ಮೆಟ್ಟಿಲ ಬಳಿ ಕೈಕಟ್ಟಿ ನಿಂತು, ಯಾವುದೋ ದೊಡ್ಡ ಕಾಮಗಾರಿಯ ಉಸ್ತುವಾರಿ ನೋಡುವವರಂತೆ ಗಂಭೀರವಾಗಿ ನೋಡುತ್ತಿದ್ದರಂತೆ. ಅತ್ತೆ ಆತುರಪಟ್ಟರೆ, ತೋಟ ಎಲ್ಲಿಗೂ ಓಡಿಹೋಗೋದಿಲ್ಲ ಎನ್ನುತ್ತಿದ್ದರಂತೆ. ಮನೆಗೆ ಬಂದ ಮೇಲೆ ಅತ್ತೆ ಇದನ್ನೆಲ್ಲ ನಗುನಗುತ್ತಾ ಹೇಳುವುದು, ಮಂಡಕ್ಕಿ ಹಾಕಿದರೆ ಮೀನುಗಳು ಹೇಗೆ ಬಾಯಿ ತೆರೆದವೆಂದು ನೀಲಿ ತನ್ನ ಬಾಯಿ ತೆರೆದು ತೋರಿಸುವುದು, ಇವೆಲ್ಲ ನಮ್ಮ ಭಾನುವಾರದ ಊಟದ ಜೊತೆ ಸೇರಿಹೋದವು. ನನ್ನ ಅಳುಕು ಮೆಲ್ಲಗೆ ಕರಗುತ್ತಾ ಬಂತು.

ಮಳೆಗಾಲ ಮುಗಿಯುತ್ತಾ ಬಂದಾಗ ಸಣ್ಣಪುಟ್ಟ ಸಂಗತಿಗಳು ಕಣ್ಣಿಗೆ ಬೀಳತೊಡಗಿದವು. ಒಂದು ಭಾನುವಾರ ನೀಲಿಯ ತಲೆಗೆ ಹರಳೆಣ್ಣೆ ಹಚ್ಚಿತ್ತು. ನಮ್ಮ ಮನೆಯಲ್ಲಿ ಹಚ್ಚುತ್ತಿದ್ದದ್ದು ಕೊಬ್ಬರಿ ಎಣ್ಣೆ. ಇನ್ನೊಂದು ಸಲ ಅವಳ ಲಂಗದ ಬಿಚ್ಚಿಹೋಗಿದ್ದ ಅಂಚನ್ನು ಯಾರೋ ಒತ್ತಾಗಿ ಹೊಲಿದಿದ್ದರು. ಅತ್ತೆಯ ಕಣ್ಣಿಗೆ ಸೂಜಿ ಪೋಣಿಸುವಷ್ಟು ಬೆಳಕಿರಲಿಲ್ಲ. ಕೇಳಿದರೆ, ತೋಟದಲ್ಲಿ ಗುರುತಿನವರೊಬ್ಬರು ಸಿಗುತ್ತಾರೆ ಎಂದು ಬೇರೆ ಮಾತಿಗೆ ತಿರುಗಿದರು. ನೀಲಿ "ಇನ್ನಜ್ಜಿ" ಎಂಬ ಮಾತು ಕಲಿತಳು. ಇನ್ನೊಬ್ಬ ಅಜ್ಜಿ ಎಂದಿರಬೇಕು, ತೋಟದಲ್ಲಿ ಮುದುಕಿಯರಿಗೇನು ಬರವೇ ಎಂದುಕೊಂಡೆ.

ಆಮೇಲೊಂದು ಭಾನುವಾರ ಸಂಜೆ. ನೀಲಿ ಬಾಳೆಹಣ್ಣಿನ ಕೊನೆಯ ತುಂಡನ್ನು ಬಾಯಿಗೆ ತುರುಕಿಕೊಂಡು, ಎರಡೂ ಅಂಗೈಗಳನ್ನು ನನ್ನೆದುರು ಬಿಡಿಸಿ ತೋರಿಸಿ, "ಕೋಟಿ ಕಾಲಿ" ಎಂದಳು.

ಪಂಚಾಕ್ಷರಿಯವರು ಪ್ರತಿ ಊಟ ಮುಗಿದ ಮೇಲೂ ಹೀಗೆಯೇ ಅಂಗೈ ಬಿಡಿಸಿ "ಕೋಠಿ ಖಾಲಿ" ಎನ್ನುತ್ತಿದ್ದರು. ಕೋಠಿಯೆಂದರೆ ಕಾಳಿನ ಉಗ್ರಾಣ, ಮಂಡಿಯಿಂದ ಅವರ ಮನೆಗೆ ಬಂದ ಮಾತು ಅದು. ಕೊನೆಯ ತುಂಡು ಹಂಚಿಯಾದ ಮೇಲೆ ಮಕ್ಕಳಿಗೆ ಹಾಗೆ ಕೈ ತೋರಿಸುವುದು ಗುರುಬಸಪ್ಪನವರ ರೂಢಿ, ಮಗ ಅದನ್ನು ಅವರಿಂದ ಕಲಿತಿದ್ದರು. ಆರು ತಿಂಗಳ ಕೂಸಿಗೆ ಅದು ನೆನಪಿರಲು ಸಾಧ್ಯವಿರಲಿಲ್ಲ. ಈ ಮನೆಯಲ್ಲಿ ಆ ಮಾತು ಗೊತ್ತಿದ್ದವಳು ನಾನೊಬ್ಬಳೇ, ನಾನೆಂದೂ ಅದನ್ನು ಆಡಿರಲಿಲ್ಲ.

ಮುಂದಿನ ಭಾನುವಾರ ಮೂರು ಬೆನ್ನುಗಳು ತಿರುವು ದಾಟುವವರೆಗೆ ಕಾದು, ನಾನು ಸೆರಗು ಹೊದ್ದು ಹಿಂದೆಯೇ ಹೊರಟೆ. ಎಮ್ಮೆಯ ಬಳಿ ಅವರು ನಿಂತಾಗ ನಾನೂ ನಿಂತೆ. ಮೆಟ್ಟಿಲ ಬಳಿಯೂ ನಿಂತೆ. ಅಷ್ಟು ನಿಧಾನವಾಗಿ ಯಾರನ್ನೂ ಹಿಂಬಾಲಿಸಿದ ನೆನಪು ನನಗಿಲ್ಲ.

ತೋಟದ ಒಳಗೆ ಒಂದು ಮರದ ಮರೆಗೆ ನಿಂತೆ. ಹತ್ತಿರದ ಕಲ್ಲುಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಗುರುಬಸಪ್ಪನವರು ಇಳಿದುಹೋಗಿದ್ದರು, ಅಂಗಿ ಹೆಗಲಿನಿಂದ ಜಾರುವಂತಿತ್ತು. ಹಾಲಮ್ಮನವರ ಮಡಿಲಲ್ಲಿ ಬೇಯಿಸಿದ ಕಡಲೆಕಾಯಿಯ ಗಂಟಿತ್ತು. ನೀಲಿ ಇಬ್ಬರ ಬೆರಳನ್ನೂ ಬಿಟ್ಟು ಅವರತ್ತ ಓಡಿದಳು. ಹಾಲಮ್ಮನವರು ಅವಳನ್ನು ಬಾಚಿಕೊಳ್ಳಲಿಲ್ಲ. ಮೊದಲು ತಲೆಯೆತ್ತಿ ಅತ್ತೆಯ ಮುಖ ನೋಡಿದರು. ಅತ್ತೆ ತಲೆಯಾಡಿಸಿದ ಮೇಲೆಯೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ನಾಲ್ವರೂ ಸ್ವಲ್ಪ ಹೊತ್ತು ಕುಶಲ ಮಾತಾಡಿದರು. ಬಟ್ಟೆಯ ಚೆಂಡೊಂದನ್ನು ಹಿಡಿದು ಇಬ್ಬರು ಅಜ್ಜಂದಿರು ಎದುರುಬದುರು ಹುಲ್ಲಿನ ಮೇಲೆ ಕೂತರು. ಅದನ್ನು ಇವರಿಂದ ಅವರಿಗೆ, ಅವರಿಂದ ಇವರಿಗೆ ಸಾಗಿಸುವುದು ನೀಲಿಯ ಕೆಲಸ. ಪ್ರತಿ ಸಲವೂ ನಡುದಾರಿಯಲ್ಲಿ ಅವಳಿಗೆ ಇರುವೆಯೋ ಎಲೆಯೋ ಸಿಕ್ಕಿ ಚೆಂಡು ಮರೆತುಹೋಗುತ್ತಿತ್ತು. ಇಬ್ಬರು ಮುದುಕರು ಕೈ ಚಾಚಿಕೊಂಡೇ ಕಾಯುತ್ತಿದ್ದರು. ಗುರುಬಸಪ್ಪನವರು ನಕ್ಕದ್ದನ್ನು ಕಂಡೆ. ಮಗ ಹೋದ ಮೇಲೆ ಅವರು ನಗುವುದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಅತ್ತೆ ಎದ್ದರು. ಮಾವನವರಿಗೆ ಏನೋ ಹೇಳಿದರು. ಇಬ್ಬರೂ ತೋಟದ ಆ ತುದಿಗೆ, ಹೂವಿನ ಪಾತಿಯತ್ತ ನಡೆದುಹೋದರು. ಅಲ್ಲಿ ನಮಗೆಲ್ಲ ಬೆನ್ನು ಹಾಕಿ ನಿಂತುಬಿಟ್ಟರು. ಹೂವು ನೋಡುತ್ತಿದ್ದಾರೆಂದುಕೊಂಡೆ. ಆದರೆ ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು, ಅವರು ತಿರುಗಲಿಲ್ಲ. ಒಮ್ಮೆ ನೀಲಿ "ಅಜ್ಜೀ" ಎಂದು ಕೂಗಿದಳು. ಅತ್ತೆಯ ಹೆಗಲು ಸ್ವಲ್ಪ ಅಲುಗಿತು. ಆದರೂ ತಿರುಗಲಿಲ್ಲ. "ನಾನಿದೀನಲ್ಲ ಕಂದ" ಎಂದು ಹಾಲಮ್ಮನವರು ಮಗುವನ್ನು ಎದೆಗೆ ಒರಗಿಸಿಕೊಂಡು, ಅವಳ ಕೂದಲಲ್ಲಿ ಮುಖವಿಟ್ಟು ಬಹಳ ಹೊತ್ತು ಹಾಗೇ ಕೂತರು. ಅವರ ಅಳುವನ್ನು ಯಾರೂ ನೋಡಬಾರದೆಂದು ಆ ಇಬ್ಬರು ಅಲ್ಲಿ ಬಿಸಿಲಲ್ಲಿ ನಿಂತಿದ್ದರು. ನಾನು ನೋಡಿಬಿಟ್ಟೆ. ಇದ್ದ ಹಾಗೇ ಮನೆಗೆ ಬಂದೆ.

ಸಂಜೆ ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದಾಗ ನಾನು ತೋಟಕ್ಕೆ ಬಂದಿದ್ದೆನೆಂದು ಹೇಳಿದೆ. ಅವರು ಮೊರವನ್ನು ಕೆಳಗಿಟ್ಟರು. ಮಾವನವರನ್ನು ಕರೆದು ಕೂರಿಸಿ, ನಡೆದದ್ದನ್ನೆಲ್ಲ ಹೇಳಿದರು. ಆಷಾಢದಲ್ಲಿ ಒಬ್ಬ ಮುದುಕರು ನಮ್ಮ ಬೀದಿಯ ತಿರುವಿನಲ್ಲಿ ದಿನವೂ ಬಂದು ನಿಲ್ಲುತ್ತಿದ್ದರಂತೆ. ಯಾರು ಬೇಕಿತ್ತೆಂದು ಮಾವನವರು ಕೇಳಿದರೆ, ಯಾವುದೋ ವಿಳಾಸ ಹುಡುಕುತ್ತಿದ್ದೇನೆ ಎಂದರಂತೆ. ಐದನೆಯ ದಿನವೂ ಅದೇ ವಿಳಾಸ. ಅಷ್ಟು ಹೊತ್ತಿಗೆ ನೀಲಿ ಬಾಗಿಲಿಗೆ ಬಂದಳಂತೆ. ಆ ಮುದುಕರ ಮುಖ ನೋಡಿದ ಮಾವನವರಿಗೆ ಮತ್ತೇನೂ ಕೇಳಬೇಕಾಗಲಿಲ್ಲ. ಒಳಗೆ ಬನ್ನಿ ಎಂದು ಕರೆದರೆ, ಸೊಸೆಗೆ ತೋರಿಸುವ ಮುಖ ನಮಗಿಲ್ಲ ಎಂದು ಹೊರಟುಬಿಟ್ಟರಂತೆ. ಮಾವನವರು ಅವರ ಹಿಂದೆಯೇ ಹೋಗಿ, ಭಾನುವಾರ ಕೆರೆತೋಟಕ್ಕೆ ಬನ್ನಿ, ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಬಂದರಂತೆ.

ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಎಂದೆ. ದನಿಯಲ್ಲಿ ನೋವಿತ್ತು.

ಅತ್ತೆ ಹೇಳಿದರು: "ಹೇಳಬೇಕಿತ್ತು. ತಪ್ಪು ನಮ್ಮದೇ. ಆದರೆ ನಿನ್ನ ಕೇಳಿ, ನೀನು ಬೇಡ ಅಂದಿದ್ದರೆ, ನಿನ್ನ ಮಾತು ಮೀರಿ ಹೋಗಬೇಕಾಗುತ್ತಿತ್ತು. ಮೀರದೆ ಇರೋಕೆ ನನ್ನಿಂದ ಆಗ್ತಿರಲಿಲ್ಲ. ಅವರು ಕಳಕೊಂಡಿರೋದು ಮಗನ್ನ. ನಮ್ಮ ಮನೆ ತುಂಬಿದ್ದು ಅದರಿಂದಲೇ. ನೀಲಿ ನನ್ನ ಸೆರಗು ಹಿಡಿದಾಗಲೆಲ್ಲ ಅದು ನೆನಪಾಗುತ್ತೆ ನನಗೆ."

ಮಾವನವರು ಅಷ್ಟೇ ಮೆಲ್ಲಗೆ, ಇಷ್ಟವಿಲ್ಲದಿದ್ದರೆ ಮುಂದಿನ ವಾರದಿಂದಲೇ ನಿಲ್ಲಿಸುತ್ತೇವೆ ಎಂದರು. ನಾನು ಅತ್ತೆಯ ಮೊರವನ್ನು ಎಳೆದುಕೊಂಡು ಅಕ್ಕಿ ಆರಿಸತೊಡಗಿದೆ. ಆ ಹೊತ್ತಿನಲ್ಲಿ ಕಲ್ಲು ಯಾವುದು ಅಕ್ಕಿ ಯಾವುದು ಎಂದು ಕಾಣುತ್ತಿರಲಿಲ್ಲ. ಅವರು ಅಕ್ಕರೆಯಿಂದ ಎತ್ತಿಕೊಳ್ಳುತ್ತಾರೋ ಕರ್ತವ್ಯದಿಂದಲೋ ಎಂದು ಅಳೆಯುತ್ತಾ ಕೂತಿದ್ದೆನಲ್ಲ, ಆ ನಾಚಿಕೆ ಇಷ್ಟು ವರ್ಷದ ಮೇಲೂ ನನ್ನನ್ನು ಬಿಟ್ಟಿಲ್ಲ.

ಮುಂದಿನ ಭಾನುವಾರ ನಾನೂ ಹೊರಟೆ. ನಿಜಗುಣರಿಗೆ ಎಲ್ಲವನ್ನೂ ಹೇಳಿದ್ದೆ. ಹೋಗಿ ಬಾ ಎಂದಷ್ಟೇ ಹೇಳಿ ಅವರು ಬಾಗಿಲಲ್ಲಿ ನಿಂತರು.

ನನ್ನನ್ನು ಕಂಡು ಹಾಲಮ್ಮನವರು ಬೆಂಚಿನಿಂದ ಎದ್ದು ನಿಂತರು. ಮಡಿಲಿನ ಕಡಲೆಕಾಯಿ ನೆಲಕ್ಕೆ ಚೆಲ್ಲಿತು. ಅವರ ಕಣ್ಣು ನನ್ನ ಹಣೆಯ ಕುಂಕುಮದ ಮೇಲೆ, ಕೊರಳ ತಾಳಿಯ ಮೇಲೆ ಹಾದುಹೋಯಿತು. ಇಬ್ಬರೂ ಒಟ್ಟಿಗೆ ಬಗ್ಗಿ ಕಡಲೆಕಾಯಿ ಆರಿಸತೊಡಗಿದೆವು. ಅಂದು ಗೇಟಿನಲ್ಲಿ ಕರೆಯಲಿಲ್ಲ ನಾನು, ಕಿಟಕಿಯ ಹಿಂದೆಯೇ ಇದ್ದೆ ಎಂದೆ. ಅವರು ತಲೆಯೆತ್ತದೆ, "ಗೊತ್ತವ್ವ. ಇವರು ಕಿಟಕಿಯಲ್ಲಿ ನಿನ್ನ ಸೆರಗು ಕಂಡಿದ್ದರು. ನಾನಾಡಿದ ಮಾತಿಗೆ ನೀನು ಹೊರಗೆ ಬಾರದೆ ಇದ್ದದ್ದು ಸರಿಯಾಗೇ ಇತ್ತು" ಎಂದರು. ಆರಿಸಿದ್ದನ್ನು ಮಡಿಲಿಗೆ ಹಾಕಿಕೊಳ್ಳುತ್ತಾ, ಕೂಸಿಗೆ ಶೀತ ಬೇಗ ಹಿಡಿಯುತ್ತದೆ, ಅವಳ ತಂದೆಗೂ ಹಾಗೇ ಇತ್ತು, ನೆತ್ತಿಗೆ ಹರಳೆಣ್ಣೆ ತಟ್ಟು ಎಂದರು. ತಟ್ಟುತ್ತೇನೆ ಎಂದೆ. ಅತ್ತೆ ಎದ್ದು ಹೂವಿನ ಪಾತಿಯತ್ತ ಹೊರಡಲು ನೋಡಿದರು. ಹಾಲಮ್ಮನವರು ಅವರ ಕೈ ಹಿಡಿದು ಮತ್ತೆ ಕೂರಿಸಿದರು.

ಮಧ್ಯಾಹ್ನದ ಹೊತ್ತಿಗೆ ನೀಲಿ ಗುರುಬಸಪ್ಪನವರ ಹೆಗಲ ಮೇಲೆ ನಿದ್ದೆ ಹೋದಳು. ಎಬ್ಬಿಸುವುದು ಬೇಡವೆಂದು, ಈ ಸಲ ಅವರೇ ಮನೆಯವರೆಗೆ ಹೊತ್ತುಕೊಂಡು ಬರುವುದೆಂದಾಯಿತು. ನಾವು ಮೂವರು ಹೆಂಗಸರು ಹಿಂದೆ ಉಳಿದೆವು. ಗುರುಬಸಪ್ಪನವರು ಮಗುವಿನ ತೂಕಕ್ಕೆ ನಿಧಾನವಾಗಿ ಹೆಜ್ಜೆಯಿಡುತ್ತಿದ್ದರು. ಪಕ್ಕದಲ್ಲಿ ನಮ್ಮ ಮಾವನವರು ಕೊಡೆ ಬಿಚ್ಚಿ, ತೋಳು ಚಾಚಿ, ಅದನ್ನು ಪೂರ್ತಿ ಅವರಿಬ್ಬರ ಮೇಲೆ ಹಿಡಿದಿದ್ದರು. ಕೊಡೆಯ ನೆರಳು ಅಜ್ಜ ಮೊಮ್ಮಗಳನ್ನು ತುಂಬಿಕೊಂಡು ರಸ್ತೆಯ ಮೇಲೆ ಮುಂದೆ ಮುಂದೆ ಸಾಗುತ್ತಿತ್ತು. ಮಾವನವರ ಬೋಳು ನೆತ್ತಿ ಉರಿಬಿಸಿಲಲ್ಲಿತ್ತು.